ಮಲಬಾರಿನವಳನ್ನು ಹುಡುಕುತ್ತಾ

ನಾನು ಹುಟ್ಟಿ ಬೆಳೆದದ್ದು ಕಾಸರಗೋಡಿನ ಹತ್ತಿರ. ಚಂದ್ರಗಿರಿ ಹೊಳೆಯ ಆಚೆ ದಡವನ್ನು ನಮ್ಮ ಅಜ್ಜಿ ಕೊನೆಯವರೆಗೂ ‘ಮಲಬಾರು’ ಎಂದೇ ಕರೆಯುತ್ತಿದ್ದರು. ಹಾಗಾಗಿ ಫ್ರೆಂಚ್ ಕವಿ ಬೋದಿಲೇರನ ಕವಿತೆಗಳ ಒಂದು ಅಗ್ಗದ ಪೇಪರ್‌ಬ್ಯಾಕ್‌ನಲ್ಲಿ ‘ಆ ಯೂನ್ ಮಲಬಾರೇಝ್’, ಅಂದರೆ ‘ಒಬ್ಬ ಮಲಬಾರಿನವಳಿಗೆ’ ಎಂಬ ಶೀರ್ಷಿಕೆ ಕಂಡಾಗ ಪುಟ ತಿರುಗಿಸಲು ಮನಸ್ಸಾಗಲಿಲ್ಲ.

ಬೋದಿಲೇರ್ ನನಗೆ ಮೊದಲು ಸಿಕ್ಕಿದ್ದು ಕನ್ನಡದಲ್ಲೇ, ಲಂಕೇಶರ ಅನುವಾದ ‘ಪಾಪದ ಹೂಗಳು’ ಮೂಲಕ. ಫ್ರೆಂಚ್ ಕಲಿಯಬೇಕು ಎಂಬ ಹಟ ಹುಟ್ಟಿದ್ದೂ ಆ ಪುಸ್ತಕದಿಂದ. ಈಗ ಬೆಂಗಳೂರಿನಲ್ಲಿ ಫ್ರೆಂಚ್ ಪಾಠ ಹೇಳುತ್ತೇನೆ, ಬಿಡುವಾದಾಗ ಅನುವಾದ ಮಾಡುತ್ತೇನೆ. ಈ ಕವಿತೆಯನ್ನು ಕನ್ನಡಕ್ಕೆ ತಂದು ಒಂದು ಪುಟ್ಟ ಟಿಪ್ಪಣಿ ಬರೆದೆ. ಅದರಲ್ಲಿ ‘1857ರ ಸಂಕಲನದಲ್ಲಿ ಪ್ರಕಟವಾದ ಕವಿತೆ’ ಎಂದು ಧೈರ್ಯವಾಗಿ ಹಾಕಿದ್ದೆ. ಪುಸ್ತಕದ ಹೆಸರು ‘ಲೆ ಫ್ಲರ್ ದ್ಯು ಮಾಲ್’, ಅಂದರೆ ಅದೇ ‘ಪಾಪದ ಹೂಗಳು’, ಅದು ಬಂದದ್ದು 1857ರಲ್ಲಿ, ಕವಿತೆ ಅದರೊಳಗಿದೆ. ಇನ್ನೇನು ಬೇಕು ಅನಿಸಿತ್ತು.

ಟಿಪ್ಪಣಿ ತಪ್ಪಾಗಿತ್ತು. ಅದು ಗೊತ್ತಾದದ್ದು ಗಾಲಿಕಾದಲ್ಲಿ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ 1997ರಿಂದ ನಡೆಸುತ್ತಿರುವ ಡಿಜಿಟಲ್ ಗ್ರಂಥಾಲಯ ಅದು. ದುಡ್ಡಿಲ್ಲ, ಕಾರ್ಡಿಲ್ಲ, ಮನೆಯಲ್ಲಿ ಕೂತೇ ಓದಬಹುದು. 1857ರ ಮೊದಲ ಮುದ್ರಣವನ್ನು ತೆರೆದು ಪರಿವಿಡಿ ನೋಡಿದೆ. ನನ್ನ ಮಲಬಾರಿನವಳು ಇಲ್ಲ. 1861ರ ಎರಡನೆಯ ಮುದ್ರಣ ತೆರೆದೆ. ಮೊದಲಿನದರಲ್ಲಿ ನೂರು ಕವಿತೆ, ಇದರಲ್ಲಿ 126, ಆದರೂ ಅವಳಿಲ್ಲ. ಇಂದಿನ ಪ್ರಕಾಶಕರು ಬೇರೆ ಬೇರೆ ಕಡೆಯ ಕವಿತೆಗಳನ್ನು ಒಂದೇ ರಟ್ಟಿನೊಳಗೆ ಸೇರಿಸಿ ಒಂದೇ ಹೆಸರಿನಲ್ಲಿ ಮಾರುತ್ತಾರೆ. ಓದುವ ಸುಖಕ್ಕೆ ಅದು ಸಾಕು. ಇಸವಿ ಬರೆಯಲು ಹೊರಟವರು ಮಾತ್ರ ಆ ಪುಸ್ತಕವನ್ನು ನಂಬಬಾರದು.

ಹಾಗಾದರೆ ಎಲ್ಲಿ ಬಂತು? ಇಲ್ಲಿ ನಾನು ಒಂದು ವಾರ ಸುಮ್ಮನೆ ಕಳೆದೆ. ರಾಷ್ಟ್ರೀಯ ಗ್ರಂಥಾಲಯದ ಕ್ಯಾಟಲಾಗ್‌ನಲ್ಲಿ ಕವಿತೆಯ ಹೆಸರು ಹಾಕಿ ಹುಡುಕಿದೆ, ಏನೂ ಬರಲಿಲ್ಲ. ಕ್ಯಾಟಲಾಗ್ ಹೇಳುವುದು ಪುಸ್ತಕದ ವಿಚಾರ, ಪತ್ರಿಕೆಯ ವಿಚಾರ. ಪತ್ರಿಕೆಯ ಯಾವುದೋ ಸಂಚಿಕೆಯ ಮೂಲೆಯಲ್ಲಿ ಅಚ್ಚಾದ ಕವಿತೆ ಅದಕ್ಕೆ ಗೊತ್ತಿರುವುದಿಲ್ಲ. ಒಂದು ನಿಯತಕಾಲಿಕದ ಅರವತ್ತು ವರ್ಷದ ಸಂಚಿಕೆಗಳೆಲ್ಲ ಸೇರಿ ಅಲ್ಲಿ ಒಂದೇ ನಮೂದು. ಗಾಲಿಕಾದ ಪಠ್ಯದೊಳಗೇ ಹುಡುಕಿದರೆ ಸಿಗಬಹುದೆಂದು ‘ಬೋದಿಲೇರ್’, ‘ಮಲಬಾರೇಝ್’ ಎರಡನ್ನೂ ಹಾಕಿ 1857ಕ್ಕಿಂತ ಹಿಂದಿನದ್ದನ್ನು ಮಾತ್ರ ಕೇಳಿದೆ. ಅದಕ್ಕೂ ಫಲ ಸಿಗಲಿಲ್ಲ. ಬರೀ ‘ಮಲಬಾರ್’ ಎಂದು ಕೇಳಿದರೆ ಕರಿಮೆಣಸು, ಫ್ರೆಂಚರ ವಸಾಹತು ಮಾಹೆ, ಹಡಗುಗಳ ಸುದ್ದಿ ರಾಶಿ ಬಿತ್ತು.

ಬೀಗದ ಕೈ ಸಿಕ್ಕಿದ್ದು ಕಾಗದದ ಪುಸ್ತಕದಲ್ಲಿ. ಆ ಬೇಸಿಗೆಯಲ್ಲಿ ಪ್ಯಾರಿಸ್ಸಿಗೆ ಮೂರು ವಾರ ಹೋಗುವ ಅವಕಾಶ ಬಂತು. ಮೊದಲ ಸೋಮವಾರ ಬೆಳಿಗ್ಗೆಯೇ ಮೆಟ್ರೋದ 14ನೇ ಲೈನ್ ಹಿಡಿದು ಸೇನ್ ನದಿಯ ದಡದ ರಾಷ್ಟ್ರೀಯ ಗ್ರಂಥಾಲಯದ ಮುಂದೆ ನಿಂತೆ. ಬಾಗಿಲು ಹಾಕಿತ್ತು, ಸೋಮವಾರ ತೆರೆಯುವುದು ಮಧ್ಯಾಹ್ನವೇ. ತೆರೆದಿಟ್ಟ ನಾಲ್ಕು ಪುಸ್ತಕಗಳಂತೆ ಮೂಲೆಗೊಂದು ಗೋಪುರ, ಮಧ್ಯದಲ್ಲಿ ತಗ್ಗಿನಲ್ಲಿ ಪೈನ್ ಮರಗಳ ತೋಟ. ಆ ತೋಟವನ್ನು ಗಾಜಿನ ಆಚೆಯಿಂದ ನೋಡಬಹುದು, ಕಾಲಿಡುವಂತಿಲ್ಲ. ಮೇಲಿನ ಮಟ್ಟದ ವಾಚನಾಲಯ ಸಾರ್ವಜನಿಕರಿಗೆ ತೆರೆದಿದೆ. ಕೆಳಗಿನದು ಸಂಶೋಧಕರಿಗೆ. ಅಲ್ಲಿಗೆ ಹೋಗಲು ಗ್ರಂಥಪಾಲಕರೊಬ್ಬರ ಎದುರು ಕೂತು, ಏನು ಹುಡುಕುತ್ತಿದ್ದೀರಿ, ಇಲ್ಲೇ ಯಾಕೆ ಬೇಕು ಎಂಬುದನ್ನು ವಿವರಿಸಬೇಕು. ಅನೇಕರು ಪ್ಯಾರಿಸ್ಸಿಗೆ ಹೋದ ಕೂಡಲೇ ಕೆಳಗಿನ ಕಾರ್ಡಿಗೆ ಓಡುತ್ತಾರೆ. ನನ್ನ ಕೆಲಸದ ಮುಕ್ಕಾಲು ಪಾಲು ಮೇಲೆಯೇ ಮುಗಿಯಿತು.

ಫ್ರೆಂಚ್ ಸಾಹಿತ್ಯದ ಕಪಾಟುಗಳ ಮುಂದಿದ್ದ ಮಹಿಳೆಗೆ ನನ್ನ ಚೀಟಿ ತೋರಿಸಿದೆ. ಅವರು ಕಂಪ್ಯೂಟರಿನ ಕಡೆ ತಿರುಗಲೇ ಇಲ್ಲ.

“ಮೇಡಂ, ಪ್ಲೇಯಾದ್ ನೋಡಿದಿರಾ? ಹಿಂದಿನ ಟಿಪ್ಪಣಿ?”

ಕ್ಲೋದ್ ಪಿಶ್ವಾ ಸಂಪಾದಿಸಿದ ಸಮಗ್ರ ಬೋದಿಲೇರ್, ಪ್ಲೇಯಾದ್ ಮಾಲೆಯ ಎರಡು ಸಂಪುಟ. ಪಂಚಾಂಗದ ಹಾಳೆಗಿಂತ ತೆಳುವಾದ ಕಾಗದ, ಅಂಗೈಯಷ್ಟು ಗಾತ್ರ. ಮುಂದೆ ಕವಿತೆ, ಹಿಂದೆ ನೂರಾರು ಪುಟ ಸಣ್ಣಕ್ಷರದ ಟಿಪ್ಪಣಿ. ಪ್ರತಿ ಕವಿತೆ ಮೊದಲು ಎಲ್ಲಿ ಅಚ್ಚಾಯಿತು, ಯಾವ ಹೆಸರಿನಲ್ಲಿ, ಆಮೇಲೆ ಯಾವ ಪದ ಬದಲಾಯಿತು, ಎಲ್ಲ ಅಲ್ಲಿದೆ. ನನ್ನ ಕವಿತೆಯ ಟಿಪ್ಪಣಿಗೆ ಬಂದೆ: ‘ಲಾರ್ತಿಸ್ತ್’ ಪತ್ರಿಕೆ, 13 ಡಿಸೆಂಬರ್ 1846. ಶೀರ್ಷಿಕೆ ‘ಆ ಯೂನ್ ಎಂದ್ಯೆನ್’, ಅಂದರೆ ‘ಒಬ್ಬ ಇಂಡಿಯಾದವಳಿಗೆ’. ಕೆಳಗಿನ ಸಹಿ ಪಿಯೇರ್ ದ ಫಾಯಿಸ್.

ನಾನು ಹಾಕಿದ್ದ ಎರಡು ಪದಗಳಲ್ಲಿ ಒಂದೂ ಆ ಪುಟದಲ್ಲಿರಲಿಲ್ಲ. ಬೋದಿಲೇರನ ತಾಯಿಯ ತವರಿನ ಹೆಸರು ದ್ಯುಫೈ. ಆ ವರ್ಷಗಳಲ್ಲಿ ಅವನು ಬೋದಿಲೇರ್-ದ್ಯುಫೈ ಎಂದು ಸಹಿ ಮಾಡುತ್ತಿದ್ದ, ಅದನ್ನೇ ತಿರುಚಿ ಈ ಹೆಸರನ್ನೂ ಕಟ್ಟಿಕೊಂಡ. ಗ್ರಂಥಾಲಯಗಳಲ್ಲಿ ಪುಸ್ತಕಕ್ಕೆ ಇರುವಂತೆ ಲೇಖಕರಿಗೂ ಒಂದು ಪ್ರತ್ಯೇಕ ನಮೂದು ಇರುತ್ತದೆ, ಗುಪ್ತನಾಮಗಳು, ಹೆಸರಿನ ಬೇರೆ ರೂಪಗಳು ಅದರಲ್ಲಿ ಸೇರಿರುತ್ತವೆ. ಈಗ ಯಾರನ್ನೇ ಹುಡುಕಿದರೂ ನಾನು ಮೊದಲು ಆ ನಮೂದನ್ನು ತೆರೆಯುತ್ತೇನೆ. ಕಾಗುಣಿತವೂ ಹೀಗೇ ಕಾಡುತ್ತದೆ. ಆ ಶತಮಾನದ ಕೆಲವು ಪತ್ರಿಕೆಗಳು ‘ಮಕ್ಕಳು’ ಎಂಬ ಅರ್ಥದ ‘ಆಂಫಾಂ’ ಪದವನ್ನು ಕೊನೆಯ ‘ತ’ ಅಕ್ಷರ ಬಿಟ್ಟು ಹಳೆಯ ರೀತಿಯಲ್ಲೇ ಅಚ್ಚು ಹಾಕುತ್ತಿದ್ದವು. ಇಂದಿನ ಕಾಗುಣಿತದಲ್ಲಿ ಮಾತ್ರ ಹುಡುಕಿದರೆ ಅವು ಕೈತಪ್ಪುತ್ತವೆ.

ಇನ್ನು ಪತ್ರಿಕೆಯ ಪುಟವನ್ನೇ ನೋಡಬೇಕು. ‘ಲಾರ್ತಿಸ್ತ್’ ಗಾಲಿಕಾದಲ್ಲಿದೆ. ಆದರೆ ಆ ಪತ್ರಿಕೆ ಕೆಲವು ವರ್ಷಕ್ಕೊಮ್ಮೆ ಹೊಸ ‘ಸರಣಿ’ ಶುರು ಮಾಡಿ ಸಂಪುಟದ ಸಂಖ್ಯೆಯನ್ನು ಮತ್ತೆ ಒಂದರಿಂದ ಎಣಿಸುತ್ತದೆ. ಸಂಪುಟದ ಸಂಖ್ಯೆ ಹಿಡಿದು ಹೋದರೆ ದಾರಿ ತಪ್ಪುವುದು ಖಂಡಿತ. ವರ್ಷ, ತಿಂಗಳು, ತಾರೀಖು ಹಿಡಿದೇ ಹೋದೆ. ಸಂಜೆ ಕೋಣೆಯ ಕಿಟಕಿ ಪಕ್ಕ ಕೂತು ಒಂದೊಂದೇ ಪುಟ ಸರಿಸುತ್ತಿದ್ದಾಗ ಕವಿತೆ ಬಂತು. ಅಚ್ಚಿನ ಮಸಿ ಅಲ್ಲಲ್ಲಿ ಹರಡಿದ ಬೂದು ಪುಟ.

ಕವಿತೆಯ ಹುಡುಗಿ ಯಜಮಾನನ ಪೈಪು ಹೊತ್ತಿಸುತ್ತಾಳೆ, ಹೂಜಿಗಳಿಗೆ ತಣ್ಣೀರು ತುಂಬುತ್ತಾಳೆ, ಹಾಸಿಗೆಯ ಸುತ್ತ ಸುಳಿಯುವ ಸೊಳ್ಳೆ ಓಡಿಸುತ್ತಾಳೆ, ಬೆಳಗಾದರೆ ಬಜಾರಿಗೆ ಹೋಗಿ ಅನಾನಸು, ಬಾಳೆಹಣ್ಣು ತರುತ್ತಾಳೆ. ‘ಬಜಾರ್’, ‘ಅನಾನಾ’: ಫ್ರೆಂಚಿನಲ್ಲೂ ನಮ್ಮವೇ ಪದಗಳು, ಅನುವಾದಿಸುವ ಶ್ರಮವೇ ಇಲ್ಲ. ನಮ್ಮ ಫ್ರಾನ್ಸನ್ನು ಯಾಕೆ ನೋಡಬೇಕೆನ್ನುತ್ತೀ ಮಗೂ, ಎಂದು ಕವಿ ಕೇಳುತ್ತಾನೆ. ಅಲ್ಲಿ ತೆಳು ಮಸ್ಲಿನ್ ಉಟ್ಟು ಹಿಮದಲ್ಲಿ ನಡುಗುತ್ತಾ, ಕೊಳಕು ಮಂಜಿನೊಳಗೆ ಇಲ್ಲದ ತೆಂಗಿನಮರಗಳ ಚದುರಿದ ನೆರಳುಗಳನ್ನು ಹುಡುಕುತ್ತೀಯಲ್ಲ ಎನ್ನುತ್ತಾನೆ. ನನ್ನ ಪೇಪರ್‌ಬ್ಯಾಕಿನಲ್ಲಿ ಕವಿತೆ ಮುಗಿಯುವುದು ಆ ತೆಂಗಿನಮರಗಳಲ್ಲಿ.

1846ರಲ್ಲಿ ಅಲ್ಲಿಗೆ ಮುಗಿದಿರಲಿಲ್ಲ, ಇನ್ನೂ ಆರು ಸಾಲು ಇತ್ತು. ಕಾಣದ ಊರಿನ ಮೋಹ, ಹಳೆಯ ಸೇಬಿನ ರಸ, ಗಂಡುಹೆಣ್ಣುಗಳನ್ನು ಕೆಡಿಸುವ ಕುತೂಹಲ, ಕೃತಘ್ನ ಹಕ್ಕಿಗಳಂತೆ ಹಿರಿಯರ ಮನೆಯ ಸೂರನ್ನು ಬಿಟ್ಟುಹೋಗುವವರು. ಇಡೀ ಕವಿತೆಯನ್ನು ಬುದ್ಧಿಮಾತಾಗಿ ಮಾಡುವ ಸಾಲುಗಳು. ಆಮೇಲೆ ಅವನು ಅವನ್ನು ಕಿತ್ತುಹಾಕಿದ. ಇಪ್ಪತ್ತೈದು ವರ್ಷದ ಹುಡುಗ ಬರೆದದ್ದನ್ನು ಬಲಿತ ಕವಿ ತಿದ್ದಿದ್ದು ನನ್ನ ಕಣ್ಣೆದುರೇ ಇತ್ತು. ತಿದ್ದಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ತೆಂಗಿನಮರದ ನೆರಳಿನ ಮೇಲೆ ಇನ್ನೊಂದು ಮಾತೂ ಬೇಡ.

‘ಮಲಬಾರಿನವಳು’ ಎಂಬ ಹೆಸರು ಹೊತ್ತು ಕವಿತೆ ಪುಸ್ತಕ ಸೇರಿದ್ದು 1866ರ ‘ಲೇಝೇಪಾವ್’ನಲ್ಲಿ. ‘ಲೆ ಫ್ಲರ್ ದ್ಯು ಮಾಲ್’ ಮೇಲೆ 1857ರಲ್ಲಿ ನಡೆದ ಮೊಕದ್ದಮೆಯಲ್ಲಿ ನಿಷೇಧಗೊಂಡ ಆರು ಕವಿತೆಗಳೂ ಅದರಲ್ಲಿವೆ. 260 ಪ್ರತಿ ಮಾತ್ರ. ಮುಖಪುಟದಲ್ಲಿ ‘ಆಮ್‌ಸ್ಟರ್‌ಡ್ಯಾಮ್’ ಎಂದಿದ್ದರೂ ಹೊರತಂದದ್ದು ಬ್ರಸೆಲ್ಸ್‌ನಲ್ಲಿ. ಲೇಝೇಪಾವ್ ಅಂದರೆ ಒಡೆದ ಹಡಗಿನಿಂದ ತೀರಕ್ಕೆ ಬಂದು ಬಿದ್ದ ಸಾಮಾನು. ಕಡಲ ಕರೆಯಲ್ಲಿ ಬೆಳೆದವಳಿಗೆ ಆ ಶೀರ್ಷಿಕೆ ಬೇಗ ಹಿಡಿಸಿತು.

ಹಾಗಾದರೆ ಅವನು ಮಲಬಾರನ್ನು ನೋಡಿದ್ದನೇ? ‘ಲೆ ಫ್ಲರ್ ದ್ಯು ಮಾಲ್’ನ 1868ರ ಮುದ್ರಣಕ್ಕೆ ಗೆಳೆಯ, ಕವಿ ಥಿಯೋಫಿಲ್ ಗೋತಿಯೇ ಬರೆದ ಮುನ್ನುಡಿ ಓದಿದರೆ ಹೌದೇನೋ ಅನಿಸುತ್ತದೆ. ಬಹುಶಃ ಸಿಂಹಳ, ಗಂಗೆಯ ಪರ್ಯಾಯದ್ವೀಪದ ಕೆಲವು ಕಡೆ ಎಂದೆಲ್ಲ ಅಲ್ಲಿದೆ. ನಾನೂ ನಂಬಲು ಸಿದ್ಧಳಾಗಿದ್ದೆ, ಆಸೆಯಿತ್ತಲ್ಲ. ಆದರೆ 1841ರಲ್ಲಿ ಕಲ್ಕತ್ತೆಗೆ ಹೊರಟ ಹಡಗು ಹತ್ತಿದವನು ಮಾರಿಷಸ್‌ನಲ್ಲಿ ಇಳಿದು, ಈಗ ರೆಯೂನಿಯೋಂ ಎನ್ನುವ ಬೂರ್ಬೋಂ ದ್ವೀಪದಿಂದಲೇ ಹಿಂತಿರುಗಿದ. ಮಾರಿಷಸ್‌ನಲ್ಲಿ ಆತಿಥ್ಯ ಕೊಟ್ಟವರಿಗೆ ಬೂರ್ಬೋಂ ದ್ವೀಪದಿಂದ ಅಕ್ಟೋಬರ್‌ನಲ್ಲಿ ಬರೆದ ಪತ್ರ ಉಳಿದಿದೆ. ಮಾರಿಷಸ್‌ನಲ್ಲಿ ಆಗ ದಕ್ಷಿಣ ಭಾರತದಿಂದ ಬಂದವರನ್ನೆಲ್ಲ ‘ಮಲಬಾರ್’ ಎನ್ನುತ್ತಿದ್ದರು, ಪೋರ್ಟ್ ಲೂಯಿಯಲ್ಲಿ ‘ಮಲಬಾರರ ಕೇರಿ’ಯೇ ಇತ್ತು. ಅವಳು ಚಂದ್ರಗಿರಿಯ ಆಚೆ ದಡದವಳೇ ಆಗಿರಬೇಕಾಗಿಲ್ಲ, ತಮಿಳು ಮನೆಯವಳೂ ಆಗಿರಬಹುದು.

ಊರಿಗೆ ಬಂದು ಟಿಪ್ಪಣಿಯನ್ನು ಹೊಸದಾಗಿ ಬರೆದೆ. ಕವಿತೆಯ ಕೆಳಗೆ ಎರಡು ಇಸವಿ ಹಾಕಿದ್ದೇನೆ, 1846 ಮತ್ತು 1866. ಕಿತ್ತುಹಾಕಿದ ಆರು ಸಾಲನ್ನೂ ಕನ್ನಡಕ್ಕೆ ತಂದು ಎದುರು ಪುಟದಲ್ಲಿ ಸಣ್ಣಕ್ಷರದಲ್ಲಿಟ್ಟಿದ್ದೇನೆ. ಶೀರ್ಷಿಕೆ ಮಾತ್ರ ‘ಮಲಬಾರಿನವಳಿಗೆ’ ಎಂದೇ ಉಳಿಸಿಕೊಂಡೆ.