ಕಾರ್ಯಕ್ರಮದ ದಿನ ನಾನು ಸುಮ್ನೆ ನಿಂತಿದ್ದೆ

ಕಳೆದ ಸಲದ ಕಾರ್ಯಕ್ರಮದ ಸಂಜೆ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಮೈಕಿಲ್ಲ, ಬೀಗದ ಕೈಯಿಲ್ಲ, ದುಡ್ಡಿನ ಚೀಲವಿಲ್ಲ. ಸೌಂಡ್ ಮಿಕ್ಸರ್ ಪಕ್ಕದ ಕಂಬಕ್ಕೆ ಒರಗಿಕೊಂಡು ನಿಂತಿದ್ದೆ. ಮೈದಾನದಲ್ಲಿ ಹೆಚ್ಚುಕಡಿಮೆ 900 ಜನ ಇದ್ದರು. 7ಕ್ಕೆ ಶುರು ಅಂತ ಹಾಕಿದ್ದೆವು, ಎರಡು ನಿಮಿಷ ತಡವಾಗಿ ಶುರುವಾಯಿತು. 9:30ಕ್ಕೆ ಮುಗಿಯಬೇಕಿತ್ತು, 9:34ಕ್ಕೆ ಮುಗಿಯಿತು. ಖರ್ಚೂ ಬಜೆಟ್ ಒಳಗೇ ನಿಂತಿತು.

ಕಾರ್ಯಕ್ರಮ ಮಾಡಿಸುವವನು ಆ ದಿನ ಯಾವ ಕೆಲಸವನ್ನೂ ತನ್ನ ಕೈಯಲ್ಲಿ ಇಟ್ಟುಕೊಳ್ಳಬಾರದು ಅನ್ನೋ ಈ ಐಡಿಯಾ ತಂಡದಲ್ಲಿ ಅರ್ಧ ಜನಕ್ಕೆ ಹುಚ್ಚು ಅನಿಸಿತ್ತು. "ಮುಂದೆ ನಿಂತು ಮಾಡಿಸಬೇಕಾದ ನೀವೇ ಕೈ ಕಟ್ಟಿಕೊಂಡು ನಿಂತರೆ ಹೇಗೆ ಸಾರ್?" ಅಂತ ಸ್ಟೇಜ್ ನೋಡಿಕೊಳ್ಳುವ ಹುಡುಗ ಮುಖಕ್ಕೇ ಕೇಳಿದ್ದ. ಈಗ ಅವನೇ ಬೇರೆ ತಂಡದವರಿಗೆ ಇದನ್ನು ಹೇಳಿಕೊಡುತ್ತಾನೆ, ತನ್ನದೇ ಐಡಿಯಾ ಅನ್ನೋ ಹಾಗೆ. ಇದನ್ನು ಬರೆಯಲು ಅದೂ ಒಂದು ಕಾರಣ ಅಂತಲೇ ಇಟ್ಟುಕೊಳ್ಳಿ.

ಪರ್ಮಿಷನ್, ಪೋಸ್ಟರ್, ಪೆಂಡಾಲ್ ಬಗ್ಗೆ ನಾನು ಹೇಳುವುದಿಲ್ಲ. ನಾಲ್ಕು ಕಾರ್ಯಕ್ರಮ ಮಾಡಿದ ಯಾರಿಗೂ ಅವು ಗೊತ್ತು. ನನಗೆ ಹೇಳಬೇಕಿರುವುದು ಮೊದಲ ಮೂರು ಸಲ ಹೇಗೆ ಹಾಳಾಯಿತು ಅನ್ನೋದು.

ಮೊದಲ ಸಲ ಎಲ್ಲವೂ ನನ್ನ ಹತ್ತಿರವೇ ಇತ್ತು. ಅದು ನನಗೆ ಹೆಮ್ಮೆ ಬೇರೆ. ನಿರೂಪಣೆ ನಾನೇ, ದುಡ್ಡು ನಾನೇ, ಅತಿಥಿಗಳನ್ನು ಕರೆದುಕೊಂಡು ಬರುವುದೂ ನಾನೇ. ಜನರೇಟರ್ ಕೋಣೆಯ ಬೀಗದ ಕೈಯೂ ನನ್ನ ಪ್ಯಾಂಟ್ ಜೇಬಿನಲ್ಲಿತ್ತು. ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಕರೆಂಟ್ ಹೋಯಿತು. ನಾನು ಸ್ಟೇಜ್ ಮೇಲೆ, ಸತ್ತ ಮೈಕ್ ಹಿಡಿದುಕೊಂಡು, "ಒಂದೇ ನಿಮಿಷ, ಒಂದೇ ನಿಮಿಷ" ಅಂತ ಕೂಗುತ್ತಿದ್ದೆ. ಜನರೇಟರ್‌ನವನು ಕೋಣೆಯ ಬಾಗಿಲಲ್ಲಿ ನಿಂತು ನನಗೆ ಫೋನ್ ಮೇಲೆ ಫೋನ್ ಮಾಡುತ್ತಿದ್ದ. ನನ್ನ ಫೋನ್ ಸೈಲೆಂಟ್‌ನಲ್ಲಿ ಬ್ಯಾಗಿನೊಳಗಿತ್ತು. ಬೀಗದ ಕೈ ತೊಡೆಗೆ ಚುಚ್ಚಿದಾಗ ನನಗೆ ನೆನಪಾಯಿತು. ಹನ್ನೊಂದು ನಿಮಿಷ ಕತ್ತಲೆ. ಲೈಟ್ ಬಂದಾಗ ಮೂರರಲ್ಲಿ ಒಂದು ಪಾಲು ಜನ ಗೇಟಿನ ಹತ್ತಿರ ಇದ್ದರು, ನಮ್ಮ ಕಡೆಗೆ ಬೆನ್ನು ಹಾಕಿಕೊಂಡು.

ದುಡ್ಡಿನ ಕಥೆ ಇನ್ನೂ ಕೆಟ್ಟದ್ದು. ಬಜೆಟ್ 100 ಪಾಲು ಅಂದುಕೊಳ್ಳಿ, ಕೊನೆಗೆ 138 ಆಯಿತು. ಕಳ್ಳತನ ಏನಿಲ್ಲ. ಆ ದಿನ ಎಲ್ಲರೂ ಎಲ್ಲದಕ್ಕೂ ನನ್ನನ್ನೇ ಕೇಳಿದರು. ಎರಡು ಲೈಟ್ ಜಾಸ್ತಿ ಹಾಕಲಾ? ಹೂಂ. ಇನ್ನೊಂದು ಗಾಡಿ ಕರೆಸಲಾ? ಹೂಂ. ತಲೆ ಬೇರೆ ಕಡೆ ಇತ್ತು, ಬಾಯಿ ಹೂಂ ಅಂತಿತ್ತು. ಅಂದ ಪ್ರತಿ ಹೂಂಗೂ ಆಮೇಲೆ ಬಿಲ್ ಬಂತು. ಇನ್ನೊಂದು ಕಡೆ, ಸ್ಪಾನ್ಸರ್‌ಗಳು ಬಾಯಲ್ಲಿ ಒಪ್ಪಿಕೊಂಡಿದ್ದು 40 ಪಾಲು. ಕೈಗೆ ಬಂದಿದ್ದು 22, ಅದೂ ಐದು ತಿಂಗಳು ಅಲೆದಾಡಿಸಿ. ಮಿಕ್ಕಿದ್ದು ನನ್ನ ಜೇಬಿನಿಂದ. ಅವತ್ತಿನಿಂದ ನನ್ನದೊಂದು ನಿಯಮ ಇದೆ. ಮೂರು ವಾರ ಮುಂಚೆ ಅಕೌಂಟಿಗೆ ಬರದ ದುಡ್ಡು ಬಜೆಟ್‌ನಲ್ಲಿ ಇಲ್ಲ. ಆಮೇಲೆ ಬಂದರೆ ಬರಲಿ, ಸಂತೋಷ. ಮುಂಚೆಯೇ ಹೇಗೆ ತರಿಸಿಕೊಳ್ಳುತ್ತೇನೆ ಅನ್ನೋದು ಮಾತ್ರ ಇಲ್ಲಿ ಬೇಡ, ನಾಲ್ಕು ಜನ ಅದನ್ನೇ ಶುರು ಮಾಡಿದರೆ ನನಗೆ ನಡೆಯಲ್ಲ.

ಎರಡನೇ ಸಲ ಬುದ್ಧಿ ಕಲಿತವನ ಹಾಗೆ ಎಲ್ಲವನ್ನೂ ಹಂಚಿದೆ. ಸಮಿತಿ ಮಾಡಿದೆ. ಒಂದೊಂದು ಕೆಲಸಕ್ಕೆ ಇಬ್ಬರು, ಮೂವರು. ಏನಾಯಿತು ಗೊತ್ತಾ? ಕುರ್ಚಿ ಎರಡು ಸಲ ಬಂತು, ನೀರು ಬರಲೇ ಇಲ್ಲ. ಕುರ್ಚಿ ಸಮಿತಿಯ ಇಬ್ಬರೂ ಬೇರೆ ಬೇರೆ ಕಡೆ ಬುಕ್ ಮಾಡಿದ್ದರು. ನೀರಿನ ಸಮಿತಿಯ ಮೂವರೂ ಇನ್ನೊಬ್ಬರು ಹೇಳಿರುತ್ತಾರೆ ಅಂದುಕೊಂಡಿದ್ದರು. 600ರ ಜಾಗದಲ್ಲಿ 1,200 ಕುರ್ಚಿ ಇಳಿದವು. ಎರಡಕ್ಕೂ ಬಾಡಿಗೆ ಕಟ್ಟಿದೆವು. ಜನ ಬಂದಿದ್ದು 400. ಖಾಲಿ ಕುರ್ಚಿಗಳ ಸಮುದ್ರದಲ್ಲಿ ಜನ ಅಲ್ಲೊಬ್ಬರು ಇಲ್ಲೊಬ್ಬರು ಕೂತಿದ್ದರು.

ಅದೇ ದಿನ ಇನ್ನೊಂದು ಆಯಿತು. ಲೈಟಿಗೆ ಹೋಗುವ ಕೇಬಲ್ ಡ್ರಮ್‌ನಲ್ಲಿ ಬೇಕಾದಷ್ಟು ಮಾತ್ರ ಎಳೆದು, ಉಳಿದದ್ದನ್ನು ಸುತ್ತಿದ ಹಾಗೇ ಬಿಟ್ಟಿದ್ದರು. ಸುತ್ತಿಕೊಂಡ ಕೇಬಲ್‌ನಲ್ಲಿ ಲೋಡ್ ಹರಿದರೆ ಬಿಸಿ ಹೊರಗೆ ಹೋಗಲ್ಲ, ಒಳಗೇ ಏರುತ್ತಾ ಹೋಗುತ್ತದೆ. ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದಾಗ ಹುಡುಕಿಕೊಂಡು ಹೋದೆ. ಸ್ಟೇಜ್ ಹಿಂದಿನ ಡ್ರಮ್‌ನಲ್ಲಿ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮುಟ್ಟಿದರೆ ಮೆತ್ತಗೆ. ಪರದೆ ಒಂದು ಮಾರು ದೂರದಲ್ಲಿತ್ತು. ಈಗಲೂ ನೆನಪಾದರೆ ಹೊಟ್ಟೆ ಕಿವುಚುತ್ತದೆ. ಎಲೆಕ್ಟ್ರಿಷಿಯನ್ ಎಷ್ಟೇ ಅನುಭವಿ ಆಗಿರಲಿ, ಡ್ರಮ್ ಪೂರ್ತಿ ಬಿಚ್ಚಿದ್ದಾರಾ ಅಂತ ನೋಡದೆ ನಾನು ಲೈಟ್ ಹಾಕಲು ಬಿಡುವುದಿಲ್ಲ.

ಮೂರನೇ ಸಲ ಬೇಸತ್ತು ಎಲ್ಲವನ್ನೂ ಒಂದು ಕಂಪನಿಗೆ ಗುತ್ತಿಗೆ ಕೊಟ್ಟೆ. ಹೆಸರು ಬೇಡ. ನೂರರಲ್ಲಿ ಮೂವತ್ತು ಪಾಲು ಅವರ ಫೀಸಿಗೇ ಹೋಯಿತು. ಕಾರ್ಯಕ್ರಮ ಚೆನ್ನಾಗಿಯೇ ನಡೆಯಿತು. ಮುಗಿದ ಮೇಲೆ ಅವರು ಸಾಮಾನು ಕಟ್ಟಿಕೊಂಡು ಹೊರಟರು, ಕಸ ನಮಗೆ ಬಿಟ್ಟರು, ಮೈದಾನದವರು ನಮ್ಮ ಡಿಪಾಸಿಟ್‌ನಲ್ಲಿ ಅರ್ಧ ಮುರಿದುಕೊಂಡರು.

ಆ ಡಿಪಾಸಿಟ್ ಮೇಲಿನ ಸಿಟ್ಟೇ ನಾಲ್ಕನೆಯ ಸಲದ ಯೋಜನೆಗೆ ಮೂಲ. ಈ ಸಲ ಡಿಪಾಸಿಟ್ ವಾಪಸ್ ಬರುವ ಕ್ಷಣದಿಂದಲೇ ಲೆಕ್ಕ ಶುರು ಮಾಡೋಣ ಅಂದುಕೊಂಡೆ. ಹಾಳೆಯ ಕೆಳತುದಿಯಲ್ಲಿ ಬರೆದೆ: ರಾತ್ರಿ 12, ಮೈದಾನ ಖಾಲಿ, ಗುಡಿಸಿ ಆಗಿದೆ. ಅಲ್ಲಿಂದ ಮೇಲಕ್ಕೆ ಬರೆಯುತ್ತಾ ಬಂದೆ. ಅದಕ್ಕೆ ಮುಂಚೆ ಏನಾಗಿರಬೇಕು? ಅದಕ್ಕೂ ಮುಂಚೆ? ಮುಂದಿನಿಂದ ಬರೆದಾಗಲೆಲ್ಲ ಸ್ಟೇಜ್ ಸಾಮಾನಿನ ಲಾರಿಗೆ ಮಧ್ಯಾಹ್ನ 1 ಗಂಟೆ ಸಾಕು ಅನಿಸುತ್ತಿತ್ತು. ಹಿಂದಿನಿಂದ ಬರೆದರೆ ಬೆಳಿಗ್ಗೆ 10ಕ್ಕೇ ಬರಬೇಕು ಅಂತ ತೇಲಿತು. ಆ ಮೂರು ಗಂಟೆಯನ್ನು ನಾವು ಪ್ರತಿ ಸಲ ಸೌಂಡ್ ಚೆಕ್‌ನಿಂದ ಕದಿಯುತ್ತಿದ್ದೆವು, ಅಲ್ವಾ? ಅದಕ್ಕೇ ಜನ ಒಳಗೆ ಬರುವಾಗಲೂ "ಹಲೋ ಹಲೋ, ಮೈಕ್ ಟೆಸ್ಟಿಂಗ್" ನಡೆಯುತ್ತಿರುತ್ತಿತ್ತು.

ಪ್ರತಿ ಸಾಲಿಗೂ ಒಂದೇ ಹೆಸರು ಹಾಕಿದೆ. ಅದರ ಪಕ್ಕ, ಇವರಿಗೆ ತೋಚದಿದ್ದರೆ ಯಾರನ್ನು ಕೇಳಬೇಕು ಅಂತ ಇನ್ನೊಂದು ಹೆಸರು. ಆ ಎರಡನೇ ಹೆಸರು ಎಲ್ಲೂ ನನ್ನದಲ್ಲ. ಇಲ್ಲೇ ಜಗಳ ಶುರುವಾಗಿದ್ದು.

ದುಡ್ಡಿನಲ್ಲಿ ಇನ್ನೂ ದೊಡ್ಡ ಜಗಳ. 100ರಲ್ಲಿ 12 ಪಾಲು ಪಕ್ಕಕ್ಕಿಟ್ಟೆ. ಅದರಲ್ಲಿ 5 ಪಾಲನ್ನು ಗೇಟ್, ಸ್ಟೇಜ್, ಸೌಂಡ್ ಮತ್ತು ಲೈಟ್, ನೀರು ಮತ್ತು ಕ್ಲೀನಿಂಗ್, ಪಾರ್ಕಿಂಗ್ ಅಂತ ಐದು ಜನಕ್ಕೆ ಒಂದೊಂದು ಪಾಲು ಕೈಗೇ ಕೊಟ್ಟೆ. ಯಾರನ್ನೂ ಕೇಳದೆ ಖರ್ಚು ಮಾಡಿ, ಚೀಟಿ ಮಾತ್ರ ತನ್ನಿ ಅಂದೆ. ಖಜಾಂಚಿ ಎರಡು ದಿನ ಮಾತು ಬಿಟ್ಟರು. "ಕೈಗೆ ಕೊಟ್ಟ ದುಡ್ಡು ಕೈಯಲ್ಲೇ ಕರಗುತ್ತೆ" ಅಂತ ಅವರ ವಾದ. ಕೊನೆಗೆ ಐದರಲ್ಲಿ ಖರ್ಚಾಗಿದ್ದು ಎರಡು ಪಾಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಪಾರ್ಕಿಂಗ್‌ನ ಹುಡುಗಿ ಒಂದು ಕಟ್ಟು ಹಗ್ಗ ಬಿಟ್ಟು ಏನೂ ಕೊಂಡಿರಲಿಲ್ಲ. ನನ್ನನ್ನು ಕೇಳಿ ಖರ್ಚು ಮಾಡುವಾಗ ಅದು ನನ್ನ ದುಡ್ಡು. ಅವರ ಜೇಬಿನಲ್ಲಿದ್ದಾಗ ಅವರೇ ಚೌಕಾಸಿ ಮಾಡಿದರು.

ಎರಡು ದಿನ ಮುಂಚೆ ಮೈದಾನದಲ್ಲಿ ಒಂದು ರಿಹರ್ಸಲ್ ಮಾಡಿದೆವು. ಹಾಡು, ಭಾಷಣದ್ದಲ್ಲ, ಕೆಲಸದ ರಿಹರ್ಸಲ್. ಹಾಳೆ ಹಿಡಿದು ಸಾಲು ಸಾಲಾಗಿ ನಡೆದುಕೊಂಡು ಹೋಗುವುದು. ನಾನು ಫೋನ್ ಆಫ್ ಮಾಡಿ ಒಂದು ಗಂಟೆ ಮೂಲೆಯಲ್ಲಿ ಕೂತೆ. ನಾನು ಈ ಊರಲ್ಲೇ ಇಲ್ಲ ಅಂದುಕೊಳ್ಳಿ ಅಂದೆ. ನನ್ನನ್ನು ಕೇಳಬೇಕು ಅನಿಸಿದ್ದನ್ನೆಲ್ಲ ಚೀಟಿಯಲ್ಲಿ ಬರೆಯಬೇಕು. ಮೊದಲ ಸುತ್ತಿನಲ್ಲಿ ಹದಿನಾಲ್ಕು ಚೀಟಿ ಬಂತು. ಕಲಾವಿದರ ಗಾಡಿ ಯಾವ ಗೇಟಿನಿಂದ? ಮಗು ಕಳೆದುಹೋದರೆ ಎಲ್ಲಿ ಕೂರಿಸಬೇಕು? ಮಳೆ ಬಂದರೆ ನಿಲ್ಲಿಸುವುದನ್ನು ಯಾರು ಹೇಳಬೇಕು? ಒಂದೊಂದು ಚೀಟಿಯೂ ಹಾಳೆಯಲ್ಲಿದ್ದ ಒಂದು ತೂತು. ತುಂಬಿಸಿ ಮತ್ತೆ ಓಡಾಡಿಸಿದೆ, ಮೂರು ಚೀಟಿ ಬಂತು. ಸಾಕು ಅಂದೆ.

ಮಧ್ಯೆ ನಾಲ್ಕು ಚಿಲ್ಲರೆ ಪ್ರಯೋಗ ಮಾಡಿದ್ದನ್ನೂ ಹೇಳಿಬಿಡುತ್ತೇನೆ. ಕುರ್ಚಿ: 600 ತರಿಸಿ 400 ಮಾತ್ರ ಹಾಕಿಸಿದೆ, 200 ಹಿಂದೆ ಅಟ್ಟಿ ಕಟ್ಟಿ ಇಟ್ಟೆ. ಮುಂದಿನದು ತುಂಬಿದ ಹಾಗೆ ಒಂದೊಂದು ಸಾಲು ಬಿಚ್ಚುವುದು. ಬೇರೆ ಜಾಗ ಇಲ್ಲದಿದ್ದರೆ ಜನ ಮುಂದೆ ಹೋಗಿ ಕೂರುತ್ತಾರೆ, ಮೈದಾನ ಮೊದಲಿನಿಂದಲೇ ತುಂಬಿದ ಹಾಗೆ ಕಾಣುತ್ತದೆ. ಬಾಣದ ಗುರುತು: ಕಣ್ಣಿನ ಮಟ್ಟಕ್ಕೆ ಅಂಟಿಸಿದ್ದೆಲ್ಲ ಜನ ಸೇರಿದ ಮೇಲೆ ಮಾಯ. ತಲೆಯಿಂದ ಎರಡು ಅಡಿ ಮೇಲೆ ಕಟ್ಟಬೇಕು. ರಿಜಿಸ್ಟ್ರೇಷನ್: ಮೂರನೇ ಸಲ ಪುಕ್ಕಟೆ ಹೆಸರು ಬರೆಸಿದವರು ಸಾವಿರದ ನೂರು, ಬಂದವರು 500ರ ಒಳಗೆ. ಈ ಸಲ ಎರಡು ದಿನ ಮುಂಚೆ ಮೆಸೇಜ್ ಹಾಕಿ "ಬರ್ತೀನಿ" ಅಂತ ಉತ್ತರ ಕೇಳಿದೆ. ಉತ್ತರ ಕೊಟ್ಟವರಲ್ಲಿ ಹತ್ತಕ್ಕೆ ಎಂಟು ಜನ ಬಂದರು. ವಾಕಿಟಾಕಿ ಮಾತ್ರ ಮೊದಲು ಕೆಟ್ಟಿತು. ಜನ ಸೇರಿದರೆ ಮೊಬೈಲ್ ನೆಟ್‌ವರ್ಕ್ ಪ್ರಾಣ ಬಿಡುತ್ತದೆ, ವಾಟ್ಸಾಪ್ ಗುಂಪಿನ ಮೆಸೇಜ್ ಕಾರ್ಯಕ್ರಮ ಮುಗಿದ ಮೇಲೆ ಬರುತ್ತದೆ ಅಂತ ಹನ್ನೆರಡು ಸೆಟ್ ಬಾಡಿಗೆಗೆ ತಂದೆ. ರಿಹರ್ಸಲ್‌ನಲ್ಲಿ ಹನ್ನೆರಡೂ ಜನ ಹರಟೆ ಹೊಡೆದರು. ಏಳು ಕಿತ್ತುಕೊಂಡೆ. ಐದೇ ಸಾಕಾಯಿತು.

ಇನ್ನು ಆ ಸಂಜೆ. ಸುಮ್ನೆ ನಿಲ್ಲುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಮೊದಲ ಅರ್ಧ ಗಂಟೆ ಕೈ ಏನಾದರೂ ಹುಡುಕುತ್ತಿತ್ತು. ಆದರೆ ಕೆಲಸ ಇಲ್ಲದವನಿಗೆ ಮಾತ್ರ ಕಾಣುವ ವಿಷಯಗಳಿವೆ. 6:40ಕ್ಕೆ ಗೇಟಿನ ಸಾಲು ಉದ್ದವಾಗಿ, ಬಾಗಿ, ಗಾಡಿಗಳು ಬರುವ ದಾರಿಗೆ ಅಡ್ಡ ಬಂದಿತ್ತು. ಗೇಟಿನವರು ಮುಂದಿನ ಮನುಷ್ಯನ ಪಾಸ್ ನೋಡುತ್ತಿದ್ದರು, ಪಾರ್ಕಿಂಗ್‌ನವರು ಗಾಡಿ ನೋಡುತ್ತಿದ್ದರು. ಸಾಲಿನ ಬಾಲ ಯಾರ ಕೆಲಸವೂ ಅಲ್ಲ. ನಾನು ಹೋಗಿ ಪಾರ್ಕಿಂಗ್ ಹುಡುಗಿಗೆ ತೋರಿಸಿದೆ. ಆ ಹಗ್ಗ ಕೊಂಡಿದ್ದು ಆಗಲೇ. ಎರಡು ನಿಮಿಷದಲ್ಲಿ ಸಾಲನ್ನು ಗೋಡೆ ಪಕ್ಕಕ್ಕೆ ತಿರುಗಿಸಿದಳು.

ಆಮೇಲೆ ಹಿಂದಿನ ಸಾಲಿಗೆ ನಡೆದು ಹೋದೆ. ಮಾತು ಎರಡೆರಡು ಸಲ ಕೇಳುತ್ತಿತ್ತು. ಹಿಂದೆ ಕೂತವರಿಗೆ ಅಂತ ಮಧ್ಯದಲ್ಲಿ ಇನ್ನೊಂದು ಜೊತೆ ಸ್ಪೀಕರ್ ಹಾಕಿಸಿದ್ದೆವು. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ, ತಂತಿಯಲ್ಲಿ ಸಿಗ್ನಲ್ ಆ ಕ್ಷಣಕ್ಕೇ ಮುಟ್ಟುತ್ತದೆ. ಸ್ಟೇಜ್ ಸ್ಪೀಕರ್‌ಗೂ ಮಧ್ಯದ ಸ್ಪೀಕರ್‌ಗೂ ನಡುವೆ 45 ಮೀಟರ್ ಅಂದರೆ 0.13 ಸೆಕೆಂಡ್ ವ್ಯತ್ಯಾಸ. ಮಾತು ಕಲಸಿಹೋಗಲು ಅಷ್ಟು ಧಾರಾಳವಾಗಿ ಸಾಕು. ಮಧ್ಯದ ಸ್ಪೀಕರ್‌ನ ಶಬ್ದವನ್ನು ಅಷ್ಟು ತಡ ಮಾಡಿಸುವ ಡಿಲೇ ಹಾಕಲು ಸೌಂಡ್‌ನವರು ಮರೆತಿದ್ದರು. ಅವರು ಕೂತಿದ್ದ ಜಾಗದಲ್ಲಿ ಎಲ್ಲ ಸರಿಯಾಗೇ ಕೇಳುತ್ತಿತ್ತು. ಹೇಳಿದೆ, 130 ಮಿಲಿಸೆಕೆಂಡ್ ಹಾಕಿದರು. ಮತ್ತೆ ಹಿಂದೆ ಹೋಗಿ ನಿಂತೆ. ಕುತ್ತಿಗೆ ಮುಂದೆ ಚಾಚಿ ಕೇಳುತ್ತಿದ್ದ ಒಬ್ಬ ಅಜ್ಜಿ ನಿಧಾನವಾಗಿ ಕುರ್ಚಿಗೆ ಒರಗಿಕೊಂಡರು. ಮೊದಲ ಮೂರು ಕಾರ್ಯಕ್ರಮದಲ್ಲಿ ನಾನು ಒಂದು ಸಲವೂ ಹಿಂದಿನ ಸಾಲಿನವರೆಗೆ ಹೋಗಿರಲಿಲ್ಲ.

ಹೊರಗೆ ಹೋಗುವ ದಾರಿಗೆ ಮಾತ್ರ ನಾನು ಮೊದಲೇ ಹಟ ಹಿಡಿದಿದ್ದೆ. ಜನ ಬರುವುದು ಒಂದು ಗಂಟೆಯಲ್ಲಿ, ಹೋಗುವುದು ಹತ್ತು ನಿಮಿಷದಲ್ಲಿ. ಬರಲು ಎರಡು ಗೇಟ್ ಇಟ್ಟರೆ ಹೋಗಲು ನಾಲ್ಕು ಬೇಕು. ಒಂದು ಚದರ ಮೀಟರ್‌ನಲ್ಲಿ ನಾಲ್ಕೈದು ಜನಕ್ಕಿಂತ ಜಾಸ್ತಿ ಸೇರಿದರೆ ಯಾರೂ ತಮ್ಮ ಇಷ್ಟದಂತೆ ಹೆಜ್ಜೆ ಇಡಲು ಆಗುವುದಿಲ್ಲ, ಅಲ್ಲಿಂದ ಮುಂದೆ ಒಬ್ಬರು ಎಡವಿದರೂ ಸಾಕು. ಕೊನೆಯ ಹಾಡು ಮುಗಿಯುವ ಮುಂಚೆಯೇ ನಾಲ್ಕೂ ಗೇಟ್ ತೆರೆದು, ಲೈಟ್ ಹಾಕಿ, ಒಬ್ಬೊಬ್ಬರನ್ನು ನಿಲ್ಲಿಸಿದ್ದೆವು.

ಆ ನಾಲ್ಕು ನಿಮಿಷ ತಡವಾಗಿದ್ದು ಕೊನೆಯ ಭಾಷಣದಿಂದ. ಹಿಂದೆಲ್ಲ ಅದು ಅರ್ಧ ಗಂಟೆ ಆಗುತ್ತಿತ್ತು. ಭಾಷಣಕಾರರು ತಾವಾಗಿಯೇ ನಿಲ್ಲಿಸುವ ಹಾಗೆ ಮಾಡುವ ಒಂದು ಉಪಾಯ ನನ್ನ ಹತ್ತಿರ ಇದೆ, ಚೀಟಿ ಕಳಿಸುವುದಲ್ಲ, ಗಂಟೆ ಬಾರಿಸುವುದೂ ಅಲ್ಲ. ಬರೆದರೆ ಭಾಷಣಕಾರರೂ ಓದುತ್ತಾರೆ, ಆಮೇಲೆ ಕೆಲಸ ಮಾಡಲ್ಲ.

ಎಲ್ಲ ಸರಿಹೋಯಿತು ಅಂತಲ್ಲ. ಸಾಮಾನು ತುಂಬುವಾಗ ಸೌಂಡ್‌ನವರ ಲಾರಿ ಕುರ್ಚಿ ಲಾರಿಗೆ ಅಡ್ಡ ನಿಂತು ನಲವತ್ತು ನಿಮಿಷ ಹಾಳಾಯಿತು. ಯಾವ ಲಾರಿ ಮೊದಲು ಒಳಗೆ ಅಂತ ಹಾಳೆಯಲ್ಲಿ ಬರೆದಿರಲಿಲ್ಲ. 12ರ ಬದಲು 12:25 ಆಯಿತು. ಡಿಪಾಸಿಟ್ ಪೂರ್ತಿ ವಾಪಸ್ ಬಂತು.

ಗುಡಿಸಿ ಆದ ಮೇಲೆ ಸ್ಟೇಜ್ ಹುಡುಗ ಜನರೇಟರ್ ಕೋಣೆಗೆ ಬೀಗ ಹಾಕಿ ಬಂದ. "ಸಾರ್, ಇದೊಂದು ನಿಮ್ಮ ಹತ್ರ ಇರಲಿ" ಅಂತ ಬೀಗದ ಕೈ ಚಾಚಿದ. ನಾನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡೆ. ಅವನು ನಕ್ಕು, ಜೇಬಿನಿಂದ ಮಡಿಸಿದ ಹಾಳೆ ತೆಗೆದು, ಮೊಬೈಲ್ ಬೆಳಕಿನಲ್ಲಿ ಆ ಸಾಲಿನಲ್ಲಿ ಯಾರ ಹೆಸರಿದೆ ಅಂತ ಹುಡುಕಲು ಶುರು ಮಾಡಿದ.