ಮಗ, ಮಗಳು ಯೂನಿವರ್ಸಿಟಿಗೆ ಹೊರಟರೆ ಮನೆಯವರು ಏನು ಮಾಡಬೇಕು?

ಅಡ್ಮಿಷನ್ ಮುಗಿದಿದೆ, ಫೀಸು ಕಟ್ಟಿಯಾಗಿದೆ, ಹಾಸ್ಟೆಲ್ ರೂಮಿನ ನಂಬರೂ ಬಂದಿದೆ. ಇನ್ನು ಹೊರಡುವವರೆಗೆ ಮನೆಯಲ್ಲಿ ಮಾತೆಲ್ಲ ಹಾಸಿಗೆ, ಬಕೆಟ್ಟು, ಸೂಟ್‌ಕೇಸಿನದೇ. ಇವುಗಳಲ್ಲಿ ಒಂದೆರಡು ಮರೆತರೂ ಹೋದ ಊರಿನಲ್ಲಿ ಕೊಂಡುಕೊಳ್ಳಬಹುದು. ಕೊಂಡುಕೊಳ್ಳಲಾಗದ ಸಂಗತಿಗಳು ಬೇರೆ ಇವೆ: ಯಾರೂ ಎಬ್ಬಿಸದೆ ಏಳುವ ಅಭ್ಯಾಸ, ಜ್ವರ ಬಂದರೆ ಏನು ಮಾಡಬೇಕೆಂಬ ತಿಳಿವಳಿಕೆ, ಆಫೀಸಿನ ಕೌಂಟರ್ ಮುಂದೆ ನಿಂತು ತನ್ನ ಕೆಲಸ ತಾನೇ ಕೇಳಿ ಮಾಡಿಸಿಕೊಳ್ಳುವ ಧೈರ್ಯ. ಇಷ್ಟು ವರ್ಷ ಮಕ್ಕಳ ಪರವಾಗಿ ನಾವೇ ಮಾಡಿಕೊಂಡು ಬಂದ ಕೆಲಸಗಳನ್ನು ಅವರ ಕೈಗೆ ಒಪ್ಪಿಸುವುದೇ ಈಗ ಮನೆಯವರ ಮುಖ್ಯ ಕೆಲಸ. ಮಗಳನ್ನು ಓದಲು ದೂರ ಕಳಿಸಿದ ತಾಯಿ ನಾನು. ಅವಳ ಜೊತೆಯವರ ಅಪ್ಪ ಅಮ್ಮಂದಿರೊಡನೆ ಮಾತಾಡುತ್ತ ಮನದಟ್ಟಾದದ್ದನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ.

ಹಂತ 1: ಹೊರಡುವ ಮುಂಚೆಯೇ ಕೆಲಸ ಒಪ್ಪಿಸಿ

ಮಗುವಿಗಾಗಿ ನೀವು ಮಾಡುವ ಕೆಲಸಗಳನ್ನು ಒಂದು ವಾರ ಗಮನಿಸಿ, ಬರೆದಿಡಿ. ಎಬ್ಬಿಸುವುದು, ಬಟ್ಟೆ ಒಗೆಯುವುದು, ಮಾತ್ರೆ ನೆನಪಿಸುವುದು, ಅರ್ಜಿ ತುಂಬುವುದು, ಕೊನೆಯ ದಿನಾಂಕ ನೋಡಿಕೊಳ್ಳುವುದು. ಪಟ್ಟಿ ನೀವು ಎಣಿಸಿದ್ದಕ್ಕಿಂತ ಉದ್ದವೇ ಇರುತ್ತದೆ. ಹೊರಡಲು ಇನ್ನೂ ತಿಂಗಳಿರುವಾಗಲೇ ವಾರಕ್ಕೆ ಎರಡು ಮೂರರಂತೆ ಈ ಕೆಲಸಗಳನ್ನು ಬಿಟ್ಟುಕೊಡಿ. ಬಿಟ್ಟುಕೊಟ್ಟ ಮೇಲೆ ಮತ್ತೆ ಕೈ ಹಾಕಬೇಡಿ. ಅಲಾರಂ ಬಡಿದರೂ ಏಳದಿದ್ದರೆ ತಡವಾಗಲಿ. ಮನೆಯಲ್ಲಿದ್ದಾಗ ತಡವಾದರೆ ನಷ್ಟವೇನಿಲ್ಲ, ಪರೀಕ್ಷೆಯ ದಿನ ತಡವಾದರೆ ಇದೆ.

ಇವುಗಳಲ್ಲಿ ಡಾಕ್ಟರ ಹತ್ತಿರ ಹೋಗುವುದನ್ನು ನಾನು ಎಲ್ಲಕ್ಕಿಂತ ಮುಖ್ಯ ಅನ್ನುತ್ತೇನೆ. ಹೊರಡುವ ಮುಂಚೆ ಒಂದು ಸಲ ತಪಾಸಣೆಗೆ ಕರೆದೊಯ್ಯಿರಿ. ಅಪಾಯಿಂಟ್‌ಮೆಂಟ್ ಅವಳೇ ತಗೊಳ್ಳಲಿ, ಡಾಕ್ಟರ ಪಕ್ಕದ ಕುರ್ಚಿಯಲ್ಲಿ ಅವಳೇ ಕೂರಲಿ, ನೀವು ಹಿಂದೆ ಕೂತುಕೊಳ್ಳಿ. "ಯಾವುದಾದರೂ ಔಷಧಿಗೆ ಅಲರ್ಜಿ ಇದೆಯೇನಮ್ಮಾ?" ಎಂದು ಡಾಕ್ಟರು ಕೇಳಿದ ಕೂಡಲೇ ಅವಳು ತಿರುಗಿ ನಿಮ್ಮ ಮುಖ ನೋಡುತ್ತಾಳೆ. ಉತ್ತರ ನಿಮ್ಮ ನಾಲಿಗೆಯ ತುದಿಗೇ ಬಂದಿರುತ್ತದೆ. ತಡೆದುಕೊಳ್ಳಿ. ಅವಳಿಗೆ ಗೊತ್ತಿಲ್ಲದಿದ್ದರೆ ಡಾಕ್ಟರ ಎದುರಿನಲ್ಲೇ ತಿಳಿದುಕೊಳ್ಳಲಿ, ತನ್ನ ಕೈಯಾರೆ ಬರೆದುಕೊಳ್ಳಲಿ.

ಹಂತ 2: ಆರೋಗ್ಯದ ಒಂದು ಹಾಳೆ

ಒಂದೇ ಹಾಳೆ ಸಾಕು. ರಕ್ತದ ಗುಂಪು, ಅಲರ್ಜಿಗಳು, ಹಿಂದೆ ಆದ ದೊಡ್ಡ ಕಾಯಿಲೆ ಅಥವಾ ಆಪರೇಷನ್, ದಿನವೂ ತಗೊಳ್ಳುವ ಔಷಧಿಯ ಹೆಸರು ಮತ್ತು ಪ್ರಮಾಣ, ಹಾಕಿಸಿದ ಲಸಿಕೆಗಳು, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು. ಔಷಧಿಯ ಹೆಸರೆಂದರೆ ಕಂಪನಿ ಇಟ್ಟ ಹೆಸರಲ್ಲ, ಒಳಗಿರುವ ಮೂಲ ಔಷಧಿಯದು. ಬೇರೆ ಊರಿನಲ್ಲಿ, ಬೇರೆ ದೇಶದಲ್ಲಿ ಕಂಪನಿಯ ಹೆಸರು ಬದಲಾಗುತ್ತದೆ, ಮೂಲ ಔಷಧಿಯ ಹೆಸರು ಹೇಳಿದರೆ ಯಾವ ಡಾಕ್ಟರಿಗೂ ತಿಳಿಯುತ್ತದೆ. ಹಾಳೆಯ ಫೋಟೋ ಮಗುವಿನ ಫೋನಿನಲ್ಲೂ ನಿಮ್ಮ ಫೋನಿನಲ್ಲೂ ಇರಲಿ.

ಲಸಿಕೆಗಳ ವಿಚಾರ ಡಾಕ್ಟರನ್ನೇ ಕೇಳಿ. ದಡಾರದ ಲಸಿಕೆ ಎರಡು ಡೋಸ್ ಆಗಿದೆಯೇ ನೋಡಿಕೊಳ್ಳಿ. ಮೆನಿಂಜೈಟಿಸ್, ಅಂದರೆ ಮಿದುಳಿನ ಪೊರೆಯ ಉರಿಯೂತ, ಅದರ ಲಸಿಕೆಯ ಬಗ್ಗೆ ಬಾಯಿಬಿಟ್ಟು ಕೇಳಿ. ಅದನ್ನು ತರಬಲ್ಲ ಮೆನಿಂಗೊಕಾಕಸ್ ಎಂಬ ರೋಗಾಣು ಎಷ್ಟೋ ಜನರ ಗಂಟಲಲ್ಲಿ ಯಾವ ತೊಂದರೆಯನ್ನೂ ಕೊಡದೆ ಇರುತ್ತದೆ. ಹೊಸಬರು ಒಂದೇ ಕಡೆ ಒತ್ತೊತ್ತಾಗಿ ಇರುವಾಗ ಕೆಮ್ಮು, ಎಂಜಲಿನ ಮೂಲಕ ಒಬ್ಬರಿಂದೊಬ್ಬರಿಗೆ ಹರಡುತ್ತದೆ. ರೋಗ ಬರುವುದು ಅಪರೂಪ, ಬಂದರೆ ಗಂಟೆಗಳ ಲೆಕ್ಕದಲ್ಲಿ ಉಲ್ಬಣಿಸುತ್ತದೆ. ಜ್ವರದ ಜೊತೆ ವಿಪರೀತ ತಲೆನೋವು, ಕತ್ತು ಬಗ್ಗಿಸಲಾಗದ ಬಿಗಿತ, ವಾಂತಿ, ಬೆಳಕು ನೋಡಲಾಗದಿರುವುದು, ಗಾಜಿನ ಲೋಟ ಒತ್ತಿ ನೋಡಿದರೂ ಮಾಸದ ಕೆಂಪು ಗುಳ್ಳೆ ಅಥವಾ ಕಲೆ: ಇವುಗಳಲ್ಲಿ ಕೆಲವು ಒಟ್ಟಿಗೆ ಕಂಡರೂ ಸಾಕು, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಓಡಬೇಕು. ಇದನ್ನು ಮಗುವಿಗೆ ಹೇಳಿಕೊಡಿ, ರೂಮಿನ ಜೊತೆಗಾರರಿಗೂ ಅವರೇ ಹೇಳಲಿ.

ಇನ್ನೊಂದು ಸಣ್ಣ ಮಾತು, ಆದರೆ ಮರೆಯಬಾರದ್ದು. ನೆಗಡಿ, ಮೈಕೈ ನೋವಿಗೆಂದು ಸಿಗುವ ಹಲವು ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಸೇರಿರುತ್ತದೆ. ಆರೋಗ್ಯವಂತ ವಯಸ್ಕರಿಗೂ 24 ಗಂಟೆಯಲ್ಲಿ 4 ಗ್ರಾಂ, ಅಂದರೆ 500 ಮಿಲಿಗ್ರಾಂನ 8 ಮಾತ್ರೆ ಮೀರಬಾರದು. ಜ್ವರಕ್ಕೊಂದು, ನೆಗಡಿಗೊಂದು ಎಂದು ಬೇರೆ ಬೇರೆ ಮಾತ್ರೆ ನುಂಗಿದರೆ ಗೊತ್ತಾಗದಂತೆ ಈ ಮಿತಿ ದಾಟಿಬಿಡಬಹುದು. ಪೆಟ್ಟು ಬೀಳುವುದು ಯಕೃತ್ತಿಗೆ.

ಹಂತ 3: ದುಡ್ಡಿನ ಮಾತು ಮುಚ್ಚುಮರೆಯಿಲ್ಲದೆ ಆಡಿ

ತಿಂಗಳಿಗೆ ಎಷ್ಟು ಕೊಡಬಲ್ಲಿರಿ, ಅದರಲ್ಲಿ ಏನೇನು ನಿಭಾಯಿಸಬೇಕು, ಮೀರಿದರೆ ಏನು ಎಂಬುದನ್ನು ಹೊರಡುವ ಮುಂಚೆಯೇ ಕೂತು ಮಾತಾಡಿ. ಸಾಲ ಮಾಡಿದ್ದರೆ ಅದನ್ನೂ ಹೇಳಿ. ಹಂಗಿಸುವಂತೆ ಹೇಳಬೇಡಿ, ಲೆಕ್ಕ ಹೇಳುವಂತೆ ಹೇಳಿ. ತಿಂಗಳ ಹಣ ಮೊದಲೇ ಖಾಲಿಯಾದರೆ ಒಂದೆರಡು ಸಲ ಕೈ ಹಿಡಿಯಿರಿ, ಜೊತೆಗೆ ಎಲ್ಲಿ ಖರ್ಚಾಯಿತೆಂದು ಇಬ್ಬರೂ ಕೂಡಿ ನೋಡಿ.

ಮೋಸದ ಬಗ್ಗೆ ಮೂರು ಮಾತು ಹೇಳಲೇಬೇಕು. ವಿದ್ಯಾರ್ಥಿವೇತನ ಕೊಡಿಸುತ್ತೇವೆಂದು ಮುಂಗಡ ಹಣ ಕೇಳಿದರೆ ಅದು ಮೋಸವೆಂದೇ ತಿಳಿಯಿರಿ. "ನಿನ್ನ ಅಕೌಂಟಿಗೆ ಹಣ ಬರುತ್ತೆ, ಅದನ್ನ ಬೇರೆಯವರಿಗೆ ಕಳಿಸು, ಕಮಿಷನ್ ಕೊಡ್ತೀವಿ" ಎಂದು ಯಾರು ಹೇಳಿದರೂ ಒಪ್ಪಬಾರದು. ಕದ್ದ ಹಣವನ್ನು ಹೀಗೆ ವಿದ್ಯಾರ್ಥಿಗಳ ಖಾತೆಯಲ್ಲಿ ಹಾಯಿಸುತ್ತಾರೆ, ಪೊಲೀಸರು ಮೊದಲು ಬರುವುದು ಆ ಖಾತೆಯ ಯಜಮಾನನ ಹತ್ತಿರ. ಮೂರನೆಯದು ಬಲೆಗೆ ಬೀಳಿಸುವುದು ನಿಮ್ಮನ್ನು: "ನಿಮ್ಮ ಮಗನಿಗೆ ಆಕ್ಸಿಡೆಂಟ್ ಆಗಿದೆ, ತಕ್ಷಣ ಹಣ ಕಳಿಸಿ" ಎಂಬ ಫೋನ್. ಈಗ ಕಂಪ್ಯೂಟರಿನಲ್ಲಿ ಮಗನ ದನಿಯನ್ನೇ ನಕಲು ಮಾಡಿ, ಅವನೇ ಅಳುತ್ತಿರುವಂತೆ ಕೇಳಿಸುತ್ತಾರೆ. ಅದಕ್ಕೇ ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ಅಂಥ ಕರೆ ಬಂದರೆ ಆ ಮಾತು ಕೇಳಿ. ಹೇಳದಿದ್ದರೆ ಫೋನ್ ಇಟ್ಟು ಮಗನ ನಂಬರಿಗೆ ನೀವೇ ಕರೆ ಮಾಡಿ.

ಹಂತ 4: ಬಿಟ್ಟು ಬರುವ ದಿನ

ಬೇಗ ಹೋಗಿ, ಸಾಮಾನು ಇಳಿಸಿ, ಹೊತ್ತು ಮುಳುಗುವ ಮುಂಚೆ ಹೊರಡಿ. ಯಾವ ಮಂಚ, ಯಾವ ಕಪಾಟು ಎಂಬುದನ್ನು ಮಗುವೇ ರೂಮಿನ ಜೊತೆಗಾರರೊಂದಿಗೆ ಮಾತಾಡಿಕೊಳ್ಳಲಿ. ಅವರ ಮೊದಲ ಒಪ್ಪಂದವೇ ಅದು, ನಾವು ನಡುವೆ ಬಾಯಿ ಹಾಕಿದರೆ ಕೆಡುತ್ತದೆ. ವಾರ್ಡನ್ ನಂಬರ್, ಕ್ಯಾಂಪಸ್ಸಿನ ಆರೋಗ್ಯ ಕೇಂದ್ರದ ನಂಬರ್ ಬರೆದುಕೊಳ್ಳಿ. ಕಣ್ಣಲ್ಲಿ ನೀರು ಬಂದರೆ ಬರಲಿ, ಮಕ್ಕಳು ಅದನ್ನು ನೋಡಿದರೆ ಏನೂ ಕೆಡುವುದಿಲ್ಲ. "ನೀನಿಲ್ಲದೆ ನಾನು ಹೇಗಿರಲಿ" ಎಂದು ಮಾತ್ರ ಅನ್ನಬೇಡಿ. ಆ ಭಾರ ಹೊತ್ತುಕೊಂಡು ಕ್ಲಾಸಿಗೆ ಹೋಗುವುದು ಕಷ್ಟ.

ಹಂತ 5: ಫೋನ್

ಮನೆಯವರಿಗೂ ಮಕ್ಕಳಿಗೂ ಜಗಳವಾಗುವುದು ಹೆಚ್ಚಾಗಿ ಇದರಿಂದಲೇ, ಸಂಬಂಧ ಗಟ್ಟಿಯಾಗುವುದೂ ಇದರಿಂದಲೇ. ಎಷ್ಟು ದಿನಕ್ಕೊಮ್ಮೆ, ಯಾವ ಹೊತ್ತಿಗೆ ಎಂದು ಮೊದಲೇ ಮಾತಾಡಿಕೊಳ್ಳಿ. ದಿನಕ್ಕೊಂದು ಮೆಸೇಜು, ವಾರಕ್ಕೆ ಒಂದೆರಡು ಸಲ ನಿಧಾನವಾಗಿ ಮಾತು, ಇಷ್ಟು ಬಹಳ ಮನೆಗಳಿಗೆ ಹೊಂದುತ್ತದೆ. ಮೆಸೇಜಿಗೆ ಉತ್ತರ ಬರದಿದ್ದರೆ ಎಷ್ಟು ಹೊತ್ತು ಕಾಯಬೇಕು, ಆಮೇಲೆ ಯಾರಿಗೆ ಫೋನ್ ಮಾಡಬೇಕು ಎಂಬುದೂ ಆ ಮಾತಿನಲ್ಲೇ ಇತ್ಯರ್ಥವಾಗಲಿ. ಆಗ ನೀವು ರಾತ್ರಿಯಿಡೀ ಗಾಬರಿ ಬೀಳುವುದು ತಪ್ಪುತ್ತದೆ, ಅವರಿಗೂ ಉಸಿರುಕಟ್ಟಿದಂತಾಗುವುದಿಲ್ಲ. ಫೋನ್ ಎಲ್ಲಿದೆ ಎಂದು ಕದ್ದು ನೋಡುವ ಆ್ಯಪ್ ಹಾಕಬೇಡಿ. ಹಾಕಲೇಬೇಕೆನಿಸಿದರೆ ಮಗುವಿಗೆ ಹೇಳಿ, ಒಪ್ಪಿಸಿ ಹಾಕಿ.

ಮನೆ ನೆನಪಾಗಿ ಅಳು ಬರುವುದು ಮೊದಲ ವಾರಗಳಲ್ಲಿ ತೀರಾ ಸಹಜ. ಸಂಜೆ ಹೊತ್ತು, ರಜಾ ದಿನ, ಕೈಯಲ್ಲಿ ಕೆಲಸವಿಲ್ಲದಾಗ ಅದು ಜಾಸ್ತಿ. ನಮಗೆ ಫೋನ್ ಬರುವುದೂ ಆ ಹೊತ್ತಿನಲ್ಲೇ. ಅತ್ತು ಫೋನ್ ಇಟ್ಟವರು ಅರ್ಧ ಗಂಟೆಯಲ್ಲಿ ಗೆಳೆಯರ ಜೊತೆ ನಗುತ್ತಿರಬಹುದು, ಆ ಅಳುವನ್ನೇ ಹಿಡಿದುಕೊಂಡು ಕೂರುವವರು ನಾವು. ನನ್ನ ಮಗಳು ಮೊದಲ ಸೆಮಿಸ್ಟರಿನಲ್ಲಿ ಒಂದು ರಾತ್ರಿ ಫೋನ್ ಮಾಡಿದಳು.

"ಅಮ್ಮಾ, ಇಲ್ಲಿ ಯಾರೂ ನನ್ನ ಜೊತೆ ಕೂರಲ್ಲ. ಊಟಕ್ಕೂ ಒಬ್ಬಳೇ ಹೋಗ್ತೀನಿ."

"ಹೌದೇನೇ? ಎಷ್ಟು ಬೇಜಾರಾಗಿರಬೇಕು ನಿಂಗೆ."

ಅವಳು ಸುಮಾರು ಹೊತ್ತು ಮಾತಾಡಿದಳು, ನಾನು ಹೂಂಗುಟ್ಟುತ್ತ ಕೇಳಿದೆ. ಕೊನೆಗೆ, "ನಾಳೆ ಏನು ಮಾಡೋಣ ಅಂತಿದೀಯ ಪುಟ್ಟಿ?" ಎಂದೆ.

"ಲ್ಯಾಬಲ್ಲಿ ಪಕ್ಕದಲ್ಲಿ ನಿಲ್ತಾಳಲ್ಲ, ಅವಳನ್ನ ಕೇಳ್ತೀನಿ, ಊಟಕ್ಕೆ ಬರ್ತೀಯಾ ಅಂತ."

ದಾರಿ ಅವಳಿಗೇ ಹೊಳೆಯಿತು. "ಕ್ಲಬ್ಬಿಗೆ ಸೇರು, ಎಲ್ಲರ ಜೊತೆ ಬೆರೆ" ಎಂದು ನಾನು ಮೊದಲೇ ಉಪದೇಶಕ್ಕೆ ಇಳಿದಿದ್ದರೆ ಅವಳು ಮಾತು ನಿಲ್ಲಿಸುತ್ತಿದ್ದಳು. ಮೊದಲು ಕೇಳಿಸಿಕೊಳ್ಳಿ, ಆಮೇಲೆ "ನೀನೇನು ಮಾಡ್ಬೇಕು ಅಂತಿದೀಯ?" ಎಂದು ಕೇಳಿ. ಸಲಹೆ ಕೊಡುವುದು ಅವರು ಕೇಳಿದಾಗ. "ಸಾಕು, ಮನೆಗೆ ಬಂದ್ಬಿಡು" ಎಂಬ ಮಾತು ಆತುರದಲ್ಲಿ ಬಾಯಿಂದ ಬರಬಾರದು. ಅದರ ಬದಲು ಮುಂದಿನ ರಜೆಗೆ ಬರುವ ದಿನ ಗೊತ್ತು ಮಾಡಿ. ಕ್ಯಾಲೆಂಡರಿನಲ್ಲಿ ಒಂದು ತಾರೀಖು ಕಾಣುತ್ತಿದ್ದರೆ ನಡುವಿನ ದಿನಗಳನ್ನು ದಾಟುವುದು ಸುಲಭ.

ಹಂತ 6: ಮೊದಲ ಅಂಕಗಳು ಬಂದಾಗ

ಶಾಲೆಯಲ್ಲಿ ಮುಂದಿದ್ದವರಿಗೂ ಮೊದಲ ಟೆಸ್ಟಿನಲ್ಲಿ ಅಂಕ ಇಳಿಯಬಹುದು. ಬುದ್ಧಿ ಮಂಕಾಯಿತು ಅಂತಲ್ಲ, ಕಲಿಯುವ ಕ್ರಮವೇ ಬದಲಾಗಿದೆ. ಯುರೋಪಿನ ವಿಶ್ವವಿದ್ಯಾಲಯಗಳ ಲೆಕ್ಕ ನೋಡಿ: ಅಲ್ಲಿ ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಯ ಕೆಲಸ, ಪೂರ್ತಿ ಒಂದು ವರ್ಷಕ್ಕೆ 60 ಕ್ರೆಡಿಟ್. ಕ್ಲಾಸಿನಲ್ಲಿ ಕೂತದ್ದು ಆ ಗಂಟೆಗಳಲ್ಲಿ ಒಂದು ಭಾಗ ಮಾತ್ರ, ಉಳಿದದ್ದನ್ನು ತಾನೇ ಕೂತು ಓದಬೇಕು. ಟೈಮ್‌ಟೇಬಲ್ಲಿನಲ್ಲಿ ಖಾಲಿ ಕಾಣುವ ಹೊತ್ತು ಬಿಡುವಿನದಲ್ಲ ಎಂದು ಅರಿವಾಗಲು ಬಹಳ ಮಕ್ಕಳಿಗೆ ಒಂದು ಸೆಮಿಸ್ಟರ್ ಬೇಕು.

ಅಂಕ ಹೇಳಿದಾಗ "ಯಾಕೆ ಕಡಿಮೆ?" ಅನ್ನಬೇಡಿ, "ಹೇಗೆ ಓದ್ಕೊಂಡೆ?" ಎಂದು ಕೇಳಿ. ಪುಸ್ತಕವನ್ನು ಮತ್ತೆ ಮತ್ತೆ ಓದಿದ್ದಾಗಿ ಹೇಳಿದರೆ ಒಂದು ವಿಷಯ ತಿಳಿಸಬಹುದು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮರಳಿ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ ಮುಂದಿದ್ದವರು ಪುಸ್ತಕ ಮುಚ್ಚಿ, ಓದಿದ್ದನ್ನು ನೆನಪಿನಿಂದ ಬರೆದವರು. ನಿದ್ದೆಯ ಮಾತೂ ತೆಗೆಯಿರಿ. 18ರಿಂದ 25ರ ವಯಸ್ಸಿನವರಿಗೆ ದಿನಕ್ಕೆ 7ರಿಂದ 9 ಗಂಟೆ ನಿದ್ದೆ ಬೇಕು.

ಪ್ರೊಫೆಸರಿಗೆ ನೀವು ಫೋನ್ ಮಾಡಬೇಡಿ. ವಿದ್ಯಾರ್ಥಿಗೆ 18 ತುಂಬಿದ ಮೇಲೆ, ಅವರ ಒಪ್ಪಿಗೆಯಿಲ್ಲದೆ ಮನೆಯವರಿಗೆ ಅಂಕ ಹೇಳುವಂತಿಲ್ಲ ಎಂಬ ನಿಯಮ ಎಷ್ಟೋ ದೇಶಗಳಲ್ಲಿದೆ. ಮಗು ತಾನೇ ಹೋಗಿ "ಸರ್, ಈ ಭಾಗ ಅರ್ಥವಾಗಿಲ್ಲ" ಎಂದು ಕೇಳುವುದು ಕಲಿಯಲಿ. ಹೇಗೆ ಕೇಳಬೇಕೆಂದು ಫೋನಿನಲ್ಲಿ ಒಂದು ಸಲ ಆಡಿ ತೋರಿಸಿದರೂ ನಾಲಿಗೆ ಸಡಿಲವಾಗುತ್ತದೆ.

ಹಂತ 7: ನೀವು ನಡುವೆ ಬರಲೇಬೇಕಾದಾಗ

ಇಲ್ಲಿಯವರೆಗೆ ಕೈ ಕಟ್ಟಿಕೊಂಡಿರಿ ಎಂದೆ. ಕೆಲವು ಸಂದರ್ಭಗಳಲ್ಲಿ ಹಾಗಿರಬಾರದು. ರ‍್ಯಾಗಿಂಗ್, ಲೈಂಗಿಕ ಕಿರುಕುಳ, ಬೆದರಿಕೆ ಎಂದು ಗೊತ್ತಾದರೆ ಮೊದಲು ಮಗುವಿನ ಮಾತು ನಂಬಿ. ಬಂದ ಮೆಸೇಜುಗಳ ಸ್ಕ್ರೀನ್‌ಶಾಟ್ ತೆಗೆದಿಡಲು ಹೇಳಿ, ನಡೆದದ್ದನ್ನು ದಿನಾಂಕ ಸಮೇತ ಬರೆಸಿ, ದೂರು ಲಿಖಿತವಾಗಿಯೇ ಹೋಗಲಿ. ಬಾಯಿಮಾತಿನ ದೂರು ಮರೆತುಹೋಗುತ್ತದೆ.

ಮನಸ್ಸಿನ ಆರೋಗ್ಯದ ಸೂಚನೆಗಳಿಗೂ ಕಿವಿ ತೆರೆದಿರಲಿ. ದಿನಗಟ್ಟಲೆ ರೂಮು ಬಿಟ್ಟು ಹೊರಬಾರದಿರುವುದು, ಹಗಲು ರಾತ್ರಿ ಅದಲುಬದಲಾಗುವುದು, ಇಷ್ಟದ ಯಾವುದರಲ್ಲೂ ಆಸಕ್ತಿ ಉಳಿಯದಿರುವುದು, "ನಾನಿದ್ರೇನು ಬಿಟ್ರೇನು" ಎಂಬಂಥ ಮಾತು, ತನಗೆ ಪ್ರಿಯವಾದ ವಸ್ತುಗಳನ್ನು ಹಂಚಿಬಿಡುವುದು. ಇಂಥದ್ದು ಕಂಡರೆ "ಸಾಯಬೇಕು ಅನ್ನಿಸ್ತಿದೆಯಾ ಕಂದಾ?" ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂಬ ಭಯ ಬಹಳ ಜನರಲ್ಲಿದೆ. ಹಾಗಾಗುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ, ಕೇಳುವುದರಿಂದ ಆ ಮಗುವಿನ ಎದೆಯ ಭಾರ ಇಳಿಯುತ್ತದೆ. ಹೌದು ಎಂದರೆ ಒಬ್ಬರನ್ನೇ ಬಿಡಬಾರದು. ವಾರ್ಡನ್, ರೂಮಿನ ಜೊತೆಗಾರರು, ಕೌನ್ಸೆಲರ್, ಆ ಊರಿನ ತುರ್ತು ಸಹಾಯವಾಣಿ, ಯಾರು ಬೇಗ ತಲುಪಬಲ್ಲರೋ ಅವರಿಗೆ ಫೋನ್ ಮಾಡಿ, ನೀವೂ ಹೊರಡಿ. ಅಟೆಂಡೆನ್ಸು, ಪರೀಕ್ಷೆ, ಕಟ್ಟಿದ ಫೀಸು ಇವು ಯಾವುವೂ ಆ ಹೊತ್ತಿನಲ್ಲಿ ಲೆಕ್ಕಕ್ಕಿಲ್ಲ ಎಂದು ಮಗುವಿಗೆ ಬಾಯಿಬಿಟ್ಟು ಹೇಳಿ.

ಹಂತ 8: ಮೊದಲ ರಜೆ

ಬಂದ ಮೊದಲೆರಡು ದಿನ ನಿದ್ದೆ ಮಾಡುತ್ತಾರೆ, ಮಾಡಲಿ. ಅಂಕಗಳ ಮಾತು ಆಮೇಲೆ. ರಾತ್ರಿ ಎಷ್ಟು ಹೊತ್ತಿಗೆ ಮನೆ ಸೇರಬೇಕು, ಮನೆಗೆಲಸದಲ್ಲಿ ಯಾರ ಪಾಲು ಏನು ಎಂಬ ಹಳೆಯ ಕಟ್ಟುಗಳನ್ನು ಕೂತು ಹೊಸದಾಗಿ ಮಾತಾಡಿಕೊಳ್ಳಿ, ಅವರು ತಿಂಗಳುಗಟ್ಟಲೆ ಯಾರ ಅಪ್ಪಣೆಯೂ ಇಲ್ಲದೆ ಬದುಕಿ ಬಂದಿದ್ದಾರೆ. ಮನೆಯಲ್ಲಿ ಉಳಿದ ತಮ್ಮ ತಂಗಿಯರು ಈ ತಿಂಗಳುಗಳಲ್ಲಿ ಒಂಟಿಯಾಗಿರುತ್ತಾರೆ, ಅಕ್ಕ ಬಂದಳೆಂದು ಅವರನ್ನು ಬದಿಗೆ ಸರಿಸಬೇಡಿ. ಅಕ್ಕನ ಕೋಣೆಯನ್ನು ತಮ್ಮನಿಗೆ ಕೊಡುವ ಯೋಚನೆಯಿದ್ದರೆ ಅವಳು ಬರುವ ಮುಂಚೆಯೇ ಫೋನ್ ಮಾಡಿ ಕೇಳಿ, ಅವಳ ಪುಸ್ತಕ, ಕಾಗದಪತ್ರಗಳನ್ನು ಎಲ್ಲಿಡಬೇಕೆಂದು ಅವಳೇ ಹೇಳಲಿ.