ಹೊಸ ವೇಪ್ ಕೈಗೆ ಬಂತು, ಎಷ್ಟು ವಾಟ್ ಇಡಬೇಕು?

ಬ್ರಿಟನ್ನಿನಲ್ಲಿ 2025ರ ಜೂನ್ 1ರಿಂದ ಒಮ್ಮೆ ಬಳಸಿ ಎಸೆಯುವ ವೇಪ್‌ಗಳ (ಇ-ಸಿಗರೇಟುಗಳ) ಮಾರಾಟ ನಿಷೇಧವಾಗಿದೆ. ಮೊದಲಾದರೆ ಪ್ಯಾಕೆಟ್ ಬಿಚ್ಚಿ ಬಾಯಿಗಿಟ್ಟರೆ ಮುಗಿಯುತ್ತಿತ್ತು. ಈಗ ಸಿಗರೇಟ್ ಬಿಡಲು ಹೊರಟವರ ಕೈಗೆ ಬರುವುದು ದ್ರವ ತುಂಬಿಸಿ, ಕಾಯಿಲ್ ಬದಲಿಸಿ ಬಳಸುವ ಸಾಧನ. ಕಾಯಿಲ್ ಎಂದರೆ ಹತ್ತಿ ಹೀರಿದ ದ್ರವವನ್ನು ಕಾಯಿಸಿ ಆವಿ ಮಾಡುವ ತಂತಿಸುರುಳಿ. ಪರದೆ ಇದ್ದರಂತೂ ಗೊಂದಲ ಇನ್ನೂ ಜಾಸ್ತಿ. ಡಬ್ಬಿಯ ಮೇಲೆ '80 ವಾಟ್' ಎಂದು ದಪ್ಪಗೆ ಅಚ್ಚಾಗಿರುತ್ತದೆ. ಅದು ಸಾಧನದ ತಾಕತ್ತು ಮಾತ್ರ. ನಿಮಗೆ ಬೇಕಾದ ಅಂಕಿ ಕಾಯಿಲ್ ಮೇಲಿರುತ್ತದೆ.

ಇಲ್ಲಿ ಹೇಳುವುದೆಲ್ಲ ಬ್ರಿಟನ್ನಿನಲ್ಲಿರುವ, ಸಿಗರೇಟ್ ಸೇದುತ್ತಿದ್ದು ಈಗ ಬಿಡುತ್ತಿರುವ ವಯಸ್ಕರಿಗೆ. ವೇಪ್ ಸಿಗರೇಟಿಗಿಂತ ಕಡಿಮೆ ಹಾನಿಯದು ಎಂದು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಹೇಳುತ್ತದೆ, ಹಾನಿಯೇ ಇಲ್ಲ ಎಂದಲ್ಲ. ಸೇದುವ ಅಭ್ಯಾಸವೇ ಇಲ್ಲದವರಿಗೆ ಇದರ ಉಸಾಬರಿ ಬೇಡ.

ಮೊದಲು ಕಾಯಿಲ್ ಓದಿ

ದ್ರವ ತುಂಬುವ ಪಾಡ್ ಅಥವಾ ಟ್ಯಾಂಕಿನಿಂದ ಕಾಯಿಲ್ ಹೊರತೆಗೆದು ಅದರ ಲೋಹದ ಮೈ ನೋಡಿ. '0.8 ಓಮ್, 12–16 ವಾಟ್' ಎಂಬಂತೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಓಮ್ ಎಂದರೆ ತಂತಿಯ ವಿದ್ಯುತ್ ಪ್ರತಿರೋಧ. ಅಂದಾಜಿಗೆ ಹೇಳುವುದಾದರೆ, 0.8ರಿಂದ 1.2 ಓಮ್‌ನವು 8–16 ವಾಟ್‌ಗೆ ಸಾಕು. ಸಿಗರೇಟಿನ ಹಾಗೆ ಮೊದಲು ಬಾಯಿಗೆ ಎಳೆದು ಆಮೇಲೆ ಒಳಗೆ ತೆಗೆದುಕೊಳ್ಳುವವರಿಗೆ ಇವೇ ಸರಿ. 0.4–0.6 ಓಮ್‌ನವು ಸುಮಾರು 20–35 ವಾಟ್ ಕೇಳುತ್ತವೆ. 0.15–0.3 ಓಮ್‌ನವು ನೇರ ಶ್ವಾಸಕೋಶಕ್ಕೆ ಎಳೆಯುವವರಿಗೆ, 40 ವಾಟ್‌ನಿಂದ ಮೇಲಕ್ಕೆ. ಕಾಯಿಲ್ ಮೇಲಿನ ಬರಹಕ್ಕೂ ಈ ಅಂದಾಜಿಗೂ ತಾಳೆಯಾಗದಿದ್ದರೆ ಕಾಯಿಲ್ ಹೇಳಿದ್ದೇ ಸರಿ.

ಸಿಗರೇಟಿನಿಂದ ನೇರ ಬರುತ್ತಿರುವವರು ಮೊದಲ ಗುಂಪಿನಿಂದ ಶುರುಮಾಡುವುದೇ ಒಳ್ಳೆಯದು. ದೊಡ್ಡ ಮೋಡ ಬಿಡುವ ಸಾಧನ ನೋಡಲು ಚೆಂದ, ಆದರೆ ದ್ರವ ಬೇಗ ಖಾಲಿ, ಬ್ಯಾಟರಿಯೂ ಬೇಗ ಖಾಲಿ.

ದ್ರವ ಹೊಂದದಿದ್ದರೆ ಯಾವ ವಾಟ್ ಇಟ್ಟರೂ ಅಷ್ಟೇ

ಬಾಟಲಿ ಮೇಲೆ ಪಿಜಿ (ಪ್ರೊಪಿಲೀನ್ ಗ್ಲೈಕಾಲ್) ಮತ್ತು ವಿಜಿ (ವೆಜಿಟಬಲ್ ಗ್ಲಿಸರಿನ್) ಪ್ರಮಾಣ ಇರುತ್ತದೆ. ಪಿಜಿ ತೆಳು, ವಿಜಿ ಮಂದ. ಹೆಚ್ಚು ಓಮ್‌ನ ಸಣ್ಣ ಕಾಯಿಲ್‌ಗಳಿಗೆ 50:50 ಹಾಕಿ. ಅವುಗಳ ತೂತು ಚಿಕ್ಕವು, ನೂರಕ್ಕೆ 70 ಭಾಗ ವಿಜಿ ಇರುವ ಮಂದ ದ್ರವ ಹತ್ತಿಯೊಳಗೆ ಹೊತ್ತಿಗೆ ಸರಿಯಾಗಿ ಇಳಿಯುವುದಿಲ್ಲ. ಕಡಿಮೆ ಓಮ್‌ನ ದೊಡ್ಡ ಕಾಯಿಲ್‌ಗೆ 70 ಭಾಗ ವಿಜಿಯೇ ಬೇಕು. ತೆಳು ದ್ರವ ಹಾಕಿದರೆ ಗಾಳಿತೂತಿನಿಂದ ಸೋರಿ ಜೇಬೆಲ್ಲ ಅಂಟು.

ನಿಕೋಟಿನ್ ಲೆಕ್ಕವೂ ಇದಕ್ಕೇ ಹೆಣೆದುಕೊಂಡಿದೆ. ಬ್ರಿಟನ್ನಿನಲ್ಲಿ ಒಂದು ಮಿಲಿಲೀಟರ್‌ಗೆ 20 ಮಿಲಿಗ್ರಾಂ ಗರಿಷ್ಠ ಮಿತಿ, ನಿಕೋಟಿನ್ ಇರುವ ಬಾಟಲಿ 10 ಮಿಲಿಲೀಟರ್ ಮೀರುವಂತಿಲ್ಲ. ಸಣ್ಣ ಕಾಯಿಲ್‌ಗೆ 10ರಿಂದ 20 ಮಿಲಿಗ್ರಾಂನ ನಿಕೋಟಿನ್ ಸಾಲ್ಟ್ (ಗಂಟಲಿಗೆ ಮೆತ್ತಗಿರುವ ನಿಕೋಟಿನ್ ರೂಪ) ನಡೆಯುತ್ತದೆ. ದೊಡ್ಡ ಕಾಯಿಲ್‌ಗೆ 3, ಹೆಚ್ಚೆಂದರೆ 6. ಒಂದೊಂದು ಎಳೆತಕ್ಕೆ ಆವಿಯಾಗುವ ದ್ರವವೇ ಅಲ್ಲಿ ಎಷ್ಟೋ ಪಟ್ಟು ಜಾಸ್ತಿ. ಅದಕ್ಕೆ 20 ಹಾಕಿದರೆ ತಲೆಸುತ್ತು, ವಾಕರಿಕೆ ಖಂಡಿತ.

ಒಣ ಹತ್ತಿಗೆ ಬೆಂಕಿ ಕೊಡಬೇಡಿ

ಹೊಸ ಕಾಯಿಲ್‌ನ ಪಕ್ಕದ ತೂತುಗಳಲ್ಲಿ ಬಿಳಿ ಹತ್ತಿ ಕಾಣುತ್ತದೆ. ಒಂದೊಂದಕ್ಕೆ ಎರಡು ಮೂರು ಹನಿ ಬಿಡಿ. ಕಾಯಿಲ್ ಕೂಡಿಸಿ, ದ್ರವ ತುಂಬಿಸಿ, 10 ನಿಮಿಷ ನಿಲ್ಲಿಸಿಡಿ. ಮಂದ ದ್ರವವಾದರೆ ಕಾಲು ಗಂಟೆ. ಗುಂಡಿ ಇರುವ ಸಾಧನವಾದರೆ ಅದನ್ನು ಒತ್ತದೆ ನಾಲ್ಕೈದು ಸಲ ಬರಿದೇ ಎಳೆಯಿರಿ, ದ್ರವ ಒಳಕ್ಕೆ ಬರುತ್ತದೆ. ಎಳೆದೊಡನೆ ತಾನೇ ಹೊತ್ತುವ ಪಾಡ್‌ನಲ್ಲಿ ಹೀಗೆ ಮಾಡುವಂತಿಲ್ಲ, ಕಾಯುವುದೊಂದೇ ದಾರಿ.

ದೀಪದ ಬತ್ತಿಯ ಹಾಗೆಯೇ ಇದು: ಎಣ್ಣೆ ಹೀರುತ್ತಿರುವಷ್ಟು ಹೊತ್ತು ಬತ್ತಿ ಸುಡುವುದಿಲ್ಲ, ಎಣ್ಣೆ ತೀರಿದರೆ ಬತ್ತಿಯೇ ಹೊತ್ತಿಕೊಳ್ಳುತ್ತದೆ. ಒಮ್ಮೆ ಸೀದ ಹತ್ತಿಯ ಘಾಟು ತೊಳೆದರೂ ಹೋಗದು. ಆ ಕಾಯಿಲ್ ಕಸಕ್ಕೆ.

ವಾಟ್ ಹುಡುಕುವ ಕ್ರಮ

ಕಾಯಿಲ್ ಮೇಲೆ ಬರೆದ ಕನಿಷ್ಠ ಅಂಕಿಯಿಂದ ಶುರುಮಾಡಿ. 12–16 ಎಂದಿದ್ದರೆ 12. ಗಾಳಿತೂತು ಅರ್ಧ ತೆರೆದಿರಲಿ. ಎರಡು ಮೂರು ಸೆಕೆಂಡಿನ ಎಳೆತ, ನಡುವೆ ಅರ್ಧ ನಿಮಿಷ ಬಿಡುವು, ಹೀಗೆ ನಾಲ್ಕೈದು ಸಲ. ಮೊದಲ ಒಂದೆರಡು ಎಳೆತದ ರುಚಿ ನಂಬಬೇಡಿ, ಹೊಸ ಹತ್ತಿಯದೇ ಒಂದು ಸಪ್ಪೆ ವಾಸನೆ ಇರುತ್ತದೆ.

ಆಮೇಲೆ ಸಣ್ಣ ಕಾಯಿಲ್‌ಗೆ ಒಂದೊಂದು ವಾಟ್, ದೊಡ್ಡದಕ್ಕೆ ಮೂರು ಮೂರರಂತೆ ಏರಿಸಿ. ಏರಿಸಿದ ಹಾಗೆ ರುಚಿ ತುಂಬಿಕೊಳ್ಳುತ್ತದೆ, ಆವಿ ಬೆಚ್ಚಗಾಗುತ್ತದೆ. ಒಂದು ಹಂತ ದಾಟಿದ ಮೇಲೆ ಆವಿ ಮಾತ್ರ ಹೆಚ್ಚುತ್ತದೆ, ರುಚಿ ಹೆಚ್ಚುವುದಿಲ್ಲ. ಇನ್ನೊಂದು ಮೆಟ್ಟಿಲು ಹತ್ತಿದರೆ ಗಂಟಲಲ್ಲಿ ಒರಟು ಘಾಟು. ಅಲ್ಲಿಂದ ಎರಡು ಮೆಟ್ಟಿಲು ಇಳಿದು ನಿಲ್ಲಿ. ಬಹುತೇಕ ಕಾಯಿಲ್‌ಗಳಿಗೆ ಇದು ಬರೆದ ವ್ಯಾಪ್ತಿಯ ನಡುವೆ ಎಲ್ಲೋ ಬರುತ್ತದೆ. ಗರಿಷ್ಠ ಅಂಕಿ ಮುಟ್ಟಲೇಬೇಕೆಂಬ ಹಟ ಬೇಡ.

ವಾಟ್ ನಿಂತ ಮೇಲೆಯೇ ಗಾಳಿತೂತಿಗೆ ಕೈ ಹಾಕಿ. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಗೊತ್ತಾಗುವುದಿಲ್ಲ. ಮುಚ್ಚಿದಷ್ಟೂ ಎಳೆತ ಬಿಗಿ, ಆವಿ ಬಿಸಿ, ರುಚಿ ದಟ್ಟ. ತೆರೆದಷ್ಟೂ ಕಾಯಿಲ್ ತಣ್ಣಗಿರುತ್ತದೆ, ಒಂದೆರಡು ವಾಟ್ ಹೆಚ್ಚಿಗೆ ತಡೆಯುತ್ತದೆ.

ಬಹಳ ಜನ ಎಡವುವುದು ಇಲ್ಲಿ: ಸಿಗರೇಟ್ ನೆನಪಾದಾಗಲೆಲ್ಲ ವಾಟ್ ಏರಿಸುತ್ತಾರೆ. ಕೊರತೆ ಇರುವುದು ನಿಕೋಟಿನ್‌ನದು. ಸಣ್ಣ ಕಾಯಿಲ್‌ನಲ್ಲಿ 10 ಮಿಲಿಗ್ರಾಂ ಸಾಲದಿದ್ದರೆ 20ರ ಬಾಟಲಿ ತನ್ನಿ, ವಾಟ್ ಇದ್ದಲ್ಲೇ ಇರಲಿ.

ಕೈಕೊಟ್ಟಾಗ

ಸೀದ ವಾಸನೆ ಬಂದೊಡನೆ ನಿಲ್ಲಿಸಿ. ಟ್ಯಾಂಕಿನಲ್ಲಿ ದ್ರವ ತೂತಿಗಿಂತ ಕೆಳಗಿದೆಯೇ, ಬಿಡುವಿಲ್ಲದೆ ಎಳೆದಿರಾ, ದ್ರವ ಮಂದವೇ, ಈ ಕ್ರಮದಲ್ಲಿ ನೋಡಿ. ಕೊನೆಗೆ ವಾಟ್ ಇಳಿಸಿ.

ಗುಳುಗುಳು ಸದ್ದು, ನಾಲಿಗೆಗೆ ಬಿಸಿ ಹನಿ ಸಿಡಿಯುವುದು ಇದಕ್ಕೆ ತದ್ವಿರುದ್ಧ ತೊಂದರೆ. ಕಾಯಿಲ್‌ನಲ್ಲಿ ದ್ರವ ಹೆಚ್ಚಾಗಿ ನಿಂತಿದೆ. ಟಿಶ್ಯೂ ಸುತ್ತಿ ಸಾಧನವನ್ನು ತಲೆಕೆಳಗಾಗಿಸಿ ಕೊಡವಿ, ಬಾಯಿಕೊಳವೆ ಒರೆಸಿ, ಒಂದೆರಡು ವಾಟ್ ಏರಿಸಿ. ಬಲವಾಗಿ ಹೀರಬೇಡಿ, ಸಿಗರೇಟಿಗಿಂತ ನಿಧಾನವಾಗಿ, ಉದ್ದಕ್ಕೆ ಎಳೆಯಿರಿ.

ಪರದೆಯಲ್ಲಿ 'ನೋ ಆಟಮೈಸರ್' ಬಂದರೆ ಕಾಯಿಲ್ ಸರಿಯಾಗಿ ಕೂತಿಲ್ಲ ಅಥವಾ ಸಂಪರ್ಕದ ಬಿಂದುಗಳಲ್ಲಿ ದ್ರವ ಮೆತ್ತಿದೆ. ಬಿಚ್ಚಿ, ಒರೆಸಿ, ಮತ್ತೆ ಕೂಡಿಸಿ.

ವಾರ ಎರಡು ವಾರದ ಮೇಲೆ ಅದೇ ವಾಟ್‌ನಲ್ಲಿ ರುಚಿ ಸಪ್ಪೆಯಾದರೆ ಕಾಯಿಲ್ ಆಯುಸ್ಸು ಮುಗಿಯಿತು. ಸಿಹಿ ಜಾಸ್ತಿ ಇರುವ ದ್ರವದಲ್ಲಿ ಕೆಲವೇ ದಿನಕ್ಕೆ ಕರಿ ಕಟ್ಟುತ್ತದೆ. ವಾಟ್ ಏರಿಸಿ ಎಳೆಯುವುದು ದಂಡ.

ತಾಪಮಾನ ನಿಯಂತ್ರಣದ ವಿಧಾನ ಮೆನುವಿನಲ್ಲಿ ಕಂಡರೆ ಸದ್ಯಕ್ಕೆ ಬಿಟ್ಟುಬಿಡಿ. ನಿಕಲ್, ಟೈಟಾನಿಯಂ, ಸ್ಟೇನ್‌ಲೆಸ್ ಸ್ಟೀಲ್ ತಂತಿಗಷ್ಟೇ ಅದು ಕೆಲಸ ಮಾಡುತ್ತದೆ. ಕಾಂತಾಲ್ ಎಂಬ ಮಿಶ್ರಲೋಹದ ತಂತಿಯ ಪ್ರತಿರೋಧ ಬಿಸಿಯಾದರೂ ಹೆಚ್ಚೇನೂ ಬದಲಾಗದ ಕಾರಣ ಸಾಧನಕ್ಕೆ ಶಾಖ ತಿಳಿಯುವುದಿಲ್ಲ.

ಬ್ಯಾಟರಿ, ಪ್ರಯಾಣ

0.2 ಓಮ್ ಕಾಯಿಲ್‌ಗೆ 60 ವಾಟ್ ಕೊಟ್ಟರೆ ಅದರಲ್ಲಿ ಹರಿಯುವುದು 17 ಆಂಪಿಯರ್‌ಗೂ ಮೇಲೆ. '18650' ಎಂಬ ಅಳತೆಯ ಬಿಡಿ ಬ್ಯಾಟರಿ ಹಾಕುವ ಸಾಧನವಾದರೆ ಅಷ್ಟು ತಡೆಯುವ ಬ್ಯಾಟರಿಯನ್ನೇ ಕೊಳ್ಳಿ. ಪ್ಲಾಸ್ಟಿಕ್ ಹೊದಿಕೆ ಹರಿದದ್ದನ್ನು ಬಳಸಬೇಡಿ. ಬೀಗದ ಕೈ, ಚಿಲ್ಲರೆ ಇರುವ ಜೇಬಿನಲ್ಲಿ ಬಿಡಿಯಾಗಿ ಇಡಲೇಬೇಡಿ, ಎರಡು ತುದಿ ಕೂಡಿದರೆ ಬೆಂಕಿ ಹತ್ತುತ್ತದೆ. ದ್ರವದ ಬಾಟಲಿ ಮಕ್ಕಳ ಕೈಗೆ ಸಿಗದಿರಲಿ, ನಿಕೋಟಿನ್ ವಿಷ.

ವಿಮಾನದಲ್ಲಿ ವೇಪ್ ಕೈಚೀಲದಲ್ಲಿರಬೇಕು, ಚೆಕ್‌ಇನ್ ಲಗೇಜಿನಲ್ಲಿ ಅಲ್ಲ. ಊರಿಗೆ ಹೊರಟಿದ್ದರೆ ಅದೂ ಬೇಡ: ಕರ್ನಾಟಕ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತು, 2019ರ ಕೇಂದ್ರ ಕಾಯ್ದೆ ದೇಶದಾದ್ಯಂತ ಆಮದು, ಮಾರಾಟ, ದಾಸ್ತಾನು ಎಲ್ಲವನ್ನೂ ಅಪರಾಧವಾಗಿಸಿದೆ. ಸಿಂಗಪುರದಲ್ಲಿ ಹತ್ತಿರ ಇಟ್ಟುಕೊಂಡರೂ ದಂಡ. ರಜೆಗೆ ಮುಂಚೆ ಫಾರ್ಮಸಿಯಲ್ಲಿ ನಿಕೋಟಿನ್ ಗಮ್ ಅಥವಾ ಪ್ಯಾಚ್ ಕೊಂಡು, ವೇಪನ್ನು ಬ್ರಿಟನ್ನಿನ ಮನೆಯಲ್ಲೇ ಬಿಟ್ಟು ಹೊರಡಿ.